ಗಾಂಜಾ ಮೂರನೇ ಷೆಡ್ಯೂಲಿಗೆ ಬಂದರೆ ಕಾರ್ಡ್ ಹೊಂದಿರುವ ರೋಗಿಗೆ ಏನು ಬದಲಾಗುತ್ತದೆ?

ಪ್ರಶ್ನೆ: ಅಮೆರಿಕದ ಫೆಡರಲ್ (ಕೇಂದ್ರ) ಸರ್ಕಾರ ಗಾಂಜಾವನ್ನು ನಿಯಂತ್ರಿತ ವಸ್ತುಗಳ ಒಂದನೇ ಷೆಡ್ಯೂಲಿನಿಂದ (ಪಟ್ಟಿಯಿಂದ) ಮೂರನೆಯದಕ್ಕೆ ಇಳಿಸಿದರೆ ರಾಜ್ಯಗಳ ಕಾನೂನುಗಳು ಏನಾಗುತ್ತವೆ? ರಾಜ್ಯ ಕೊಟ್ಟ ವೈದ್ಯಕೀಯ ಗಾಂಜಾ ಕಾರ್ಡ್ ಇರುವ ರೋಗಿ ಇನ್ನು ಮುಂದೆ ಅದನ್ನು ಮಾಮೂಲಿ ಫಾರ್ಮಸಿಯಲ್ಲಿ, ವಿಮೆಯ ಹಣದಲ್ಲಿ ಕೊಳ್ಳಬಹುದೇ?

ಉತ್ತರ: ರಾಜ್ಯಗಳ ಕಾನೂನುಗಳು ರದ್ದಾಗುವುದಿಲ್ಲ, ಫಾರ್ಮಸಿಯಲ್ಲಿ ಗಾಂಜಾ ಸಿಗಲು ಆರಂಭವಾಗುವುದೂ ಇಲ್ಲ. ಷೆಡ್ಯೂಲ್ ಬದಲಾವಣೆಯಿಂದ ಮುಖ್ಯವಾಗಿ ಹಗುರಾಗುವುದು ಮಾರಾಟಗಾರರ ತೆರಿಗೆ ಮತ್ತು ಸಂಶೋಧಕರ ಮೇಲಿರುವ ನಿರ್ಬಂಧಗಳ ಹೊರೆ. ರೋಗಿಗೆ ಇಂದು ಇರುವ ರಕ್ಷಣೆ ಬೇರೆ ಕಡೆಯಿಂದ ಬಂದದ್ದು. "ಗಾಂಜಾ ಇನ್ನು ಕಾನೂನುಬದ್ಧ" ಎಂಬ ಸುದ್ದಿಯನ್ನು ನಂಬಿ ಕೆಲಸವನ್ನೋ ವೀಸಾವನ್ನೋ ಕಳೆದುಕೊಳ್ಳುವ ಅಪಾಯ ನಿಜವಾಗಿಯೂ ಇರುವುದರಿಂದ ವಿಷಯವನ್ನು ಬಿಡಿಸಿ ನೋಡಬೇಕಾಗಿದೆ.

1970ರ ನಿಯಂತ್ರಿತ ವಸ್ತುಗಳ ಕಾಯ್ದೆಯು ಮಾದಕ ಗುಣವುಳ್ಳ ಪದಾರ್ಥಗಳನ್ನು ಐದು ಪಟ್ಟಿಗಳಾಗಿ ವಿಂಗಡಿಸುತ್ತದೆ. ದುರ್ಬಳಕೆಯ ಸಾಧ್ಯತೆ ಹೆಚ್ಚಾಗಿದ್ದು, ಮಾನ್ಯವಾದ ವೈದ್ಯಕೀಯ ಉಪಯೋಗವೇ ಇಲ್ಲ ಎನ್ನಲಾದವು ಒಂದನೇ ಷೆಡ್ಯೂಲಿನಲ್ಲಿವೆ; ಹೆರಾಯಿನ್ ಮತ್ತು ಎಲ್‌ಎಸ್‌ಡಿಗಳ ಜೊತೆ ಗಾಂಜಾವನ್ನೂ ಸೇರಿಸಿದ್ದು ಇಲ್ಲಿಗೇ. ಆಸ್ಪತ್ರೆಗಳಲ್ಲಿ ಬಳಕೆ ಇರುವ ಕಾರಣಕ್ಕೆ ಕೊಕೇನ್ ಮತ್ತು ಫೆಂಟನಿಲ್ ಎರಡನೆಯದರಲ್ಲಿವೆ. ಮೂರನೆಯದರಲ್ಲಿ ಕೆಟಮಿನ್, ಅನಬಾಲಿಕ್ ಸ್ಟೀರಾಯ್ಡ್‌ಗಳು ಮತ್ತು ಅಲ್ಪ ಪ್ರಮಾಣದ ಕೊಡೀನ್ ಬೆರೆತ ನೋವಿನ ಮಾತ್ರೆಗಳು ಇವೆ. ಅಧ್ಯಕ್ಷ ನಿಕ್ಸನ್ ಕಾಲದಲ್ಲಿ ನೇಮಕಗೊಂಡು, ಪೆನ್ಸಿಲ್ವೇನಿಯಾದ ಮಾಜಿ ಗವರ್ನರ್ ರೇಮಂಡ್ ಶೇಫರ್ ಮುಖ್ಯಸ್ಥರಾಗಿದ್ದ ಆಯೋಗವು 1972ರಲ್ಲಿಯೇ, ಸ್ವಂತ ಬಳಕೆಗೆ ಗಾಂಜಾ ಇಟ್ಟುಕೊಂಡವರನ್ನು ಅಪರಾಧಿಗಳೆಂದು ಕಾಣಬಾರದು ಎಂದು ಶಿಫಾರಸು ಮಾಡಿತ್ತು. ಸರ್ಕಾರ ಅದನ್ನು ಒಪ್ಪಲಿಲ್ಲ.

ಒಂದನೇ ಷೆಡ್ಯೂಲಿನ ವರ್ಣನೆಗೂ ರೋಗಿಗಳ ಅನುಭವಕ್ಕೂ ಹೊಂದಿಕೆಯಾಗದು ಎಂಬುದು ಬಹುಬೇಗ ಬಯಲಾಯಿತು. ಗ್ಲಾಕೋಮಾದಿಂದ ಕಣ್ಣಿನ ದೃಷ್ಟಿ ಕಳೆದುಕೊಳ್ಳುತ್ತಿದ್ದ ರಾಬರ್ಟ್ ರ‍್ಯಾಂಡಲ್ ಎಂಬುವರು, ಗಾಂಜಾ ಸೇದಿದಾಗ ಕಣ್ಣಿನ ಒತ್ತಡ ಇಳಿಯುತ್ತದೆ ಎಂದು ವಾದಿಸಿ 1976ರಲ್ಲಿ ನ್ಯಾಯಾಲಯದಲ್ಲಿ ಗೆದ್ದರು. ಅವರಿಗೆ ಗಾಂಜಾ ಪೂರೈಸಿದ್ದು ಸ್ವತಃ ಫೆಡರಲ್ ಸರ್ಕಾರ. ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಹೊಲದಲ್ಲಿ ಬೆಳೆದ ಗಿಡವನ್ನು ಸಿಗರೇಟಿನಂತೆ ಸುತ್ತಿ, ಡಬ್ಬಿಯಲ್ಲಿ ತುಂಬಿ, ಬೆರಳೆಣಿಕೆಯ ರೋಗಿಗಳಿಗೆ ಪ್ರತಿ ತಿಂಗಳೂ ಕಳುಹಿಸುವ ವ್ಯವಸ್ಥೆ ಮುಂದೆ ಹಲವು ವರ್ಷ ನಡೆಯಿತು. ಏಡ್ಸ್ ರೋಗಿಗಳ ಅರ್ಜಿಗಳು ಹೆಚ್ಚಾದ ಹೊತ್ತಿಗೆ, 1992ರಲ್ಲಿ, ಹೊಸಬರಿಗೆ ಅದರ ಬಾಗಿಲು ಮುಚ್ಚಿತು. ಈ ಗಿಡಕ್ಕೆ ವೈದ್ಯಕೀಯ ಉಪಯೋಗವಿಲ್ಲ ಎಂದು ಕಾನೂನಿನಲ್ಲಿ ಬರೆದಿಟ್ಟುಕೊಂಡೇ ಅದನ್ನು ರೋಗಿಗಳಿಗೆ ಹಂಚಿದ ಸರ್ಕಾರ, ಉಳಿದ ರೋಗಿಗಳನ್ನು ಕೈಬಿಟ್ಟಿದ್ದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ವರ್ಗ ಬದಲಾವಣೆಯ ಈಗಿನ ಪ್ರಯತ್ನ ಆರಂಭವಾದದ್ದು 2022ರ ಅಕ್ಟೋಬರಿನಲ್ಲಿ, ಅಧ್ಯಕ್ಷ ಬೈಡನ್ ಮರುಪರಿಶೀಲನೆಗೆ ಸೂಚಿಸಿದಾಗ. ಫೆಡರಲ್ ಆರೋಗ್ಯ ಇಲಾಖೆಯು 2023ರ ಆಗಸ್ಟ್‌ನಲ್ಲಿ ಮೂರನೇ ಷೆಡ್ಯೂಲನ್ನು ಶಿಫಾರಸು ಮಾಡಿತು. 30,000ಕ್ಕೂ ಹೆಚ್ಚು ಚಿಕಿತ್ಸಕರು 60 ಲಕ್ಷಕ್ಕೂ ಹೆಚ್ಚು ನೋಂದಾಯಿತ ರೋಗಿಗಳಿಗೆ ರಾಜ್ಯಗಳ ಕಾನೂನಿನಡಿ ಗಾಂಜಾ ಬಳಕೆಗೆ ಅನುಮತಿ ನೀಡುತ್ತಿರುವುದನ್ನು, ಮತ್ತು ನೋವು, ಕೀಮೋಥೆರಪಿಯ ವಾಕರಿಕೆ, ಕಾಯಿಲೆಯಿಂದಾಗುವ ಹಸಿವಿನ ನಾಶ ಇವುಗಳಲ್ಲಿ ಅದು ಉಪಯೋಗಕ್ಕೆ ಬರುವುದಕ್ಕೆ ವೈಜ್ಞಾನಿಕ ಆಧಾರವಿರುವುದನ್ನು ಇಲಾಖೆ ತನ್ನ ವಿಶ್ಲೇಷಣೆಯಲ್ಲಿ ದಾಖಲಿಸಿತು. 2024ರ ಮೇ ತಿಂಗಳಲ್ಲಿ ನ್ಯಾಯ ಇಲಾಖೆಯ ಕರಡು ನಿಯಮ ಹೊರಬಿತ್ತು. 2025ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಟ್ರಂಪ್, ಈ ಕೆಲಸವನ್ನು ಬೇಗ ಮುಗಿಸುವಂತೆ ಆದೇಶಿಸಿದರು. ಎರಡು ಪಕ್ಷಗಳ ಅಧ್ಯಕ್ಷರೂ ಒಂದೇ ದಿಕ್ಕಿಗೆ ನಡೆದಿರುವುದು ಸಣ್ಣ ಸಂಗತಿಯಲ್ಲ.

ಇನ್ನು ರಾಜ್ಯಗಳ ಕಾನೂನಿನ ವಿಚಾರ. ಅಮೆರಿಕದ ಸಂವಿಧಾನದಂತೆ ಫೆಡರಲ್ ಸರ್ಕಾರವು ಒಂದು ವಸ್ತುವನ್ನು ನಿಷೇಧಿಸಬಹುದು, ಆದರೆ ತಾನೂ ನಿಷೇಧಿಸಬೇಕೆಂದು ಯಾವ ರಾಜ್ಯವನ್ನೂ ಬಲವಂತಪಡಿಸುವಂತಿಲ್ಲ. ಕ್ಯಾಲಿಫೋರ್ನಿಯಾ 1996ರಲ್ಲಿ ಜನಮತದ ಮೂಲಕ ರೋಗಿಗಳಿಗೆ ಗಾಂಜಾ ಬಳಕೆಯ ಹಕ್ಕು ಕೊಟ್ಟದ್ದು, ಕೊಲರಾಡೊ ಮತ್ತು ವಾಷಿಂಗ್ಟನ್ ರಾಜ್ಯಗಳು 2012ರಲ್ಲಿ ವಯಸ್ಕರೆಲ್ಲರಿಗೂ ಅನುಮತಿ ನೀಡಿದ್ದು ಇದೇ ತತ್ತ್ವದ ಮೇಲೆ. ಇಂದು ಸುಮಾರು 40 ರಾಜ್ಯಗಳಲ್ಲಿ ವೈದ್ಯಕೀಯ ಗಾಂಜಾ ವ್ಯವಸ್ಥೆ ಇದೆ. ಒಂದೇ ಗಿಡದ ಮೇಲೆ ಎರಡು ಕಾನೂನುಗಳು ಏಕಕಾಲಕ್ಕೆ ಜಾರಿಯಲ್ಲಿವೆ, ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ಇದರ ಪರಿಣಾಮ ಹೇಗಿರುತ್ತದೆ ಎಂಬುದಕ್ಕೆ ಗೊನ್ಜಾಲೆಸ್ ವಿರುದ್ಧ ರೈಚ್ ಎಂಬ ಪ್ರಕರಣವನ್ನು ನೋಡಬೇಕು. 2002ರಲ್ಲಿ ಕ್ಯಾಲಿಫೋರ್ನಿಯಾದ ಒಬ್ಬ ರೋಗಿ ಮಹಿಳೆಯ ಮನೆಗೆ ಸ್ಥಳೀಯ ಪೊಲೀಸರು ಮತ್ತು ಫೆಡರಲ್ ಮಾದಕ ವಸ್ತು ನಿಯಂತ್ರಣ ಸಂಸ್ಥೆಯ ಅಧಿಕಾರಿಗಳು ಒಟ್ಟಿಗೆ ಬಂದರು. ಆಕೆಯ ಬಳಕೆ ರಾಜ್ಯದ ಕಾನೂನಿನಂತೆ ಸಂಪೂರ್ಣ ಸರಿಯಾಗಿದೆ ಎಂದು ಸ್ಥಳೀಯ ಪೊಲೀಸರು ತೀರ್ಮಾನಿಸಿದರು. ಮೂರು ಗಂಟೆಗಳ ವಾಗ್ವಾದದ ನಂತರ ಫೆಡರಲ್ ಅಧಿಕಾರಿಗಳು ಆಕೆಯ ಆರೂ ಗಿಡಗಳನ್ನು ಕಿತ್ತು ನಾಶಪಡಿಸಿದರು. 2005ರಲ್ಲಿ ಸುಪ್ರೀಂ ಕೋರ್ಟ್ 6–3ರ ಬಹುಮತದಿಂದ ಫೆಡರಲ್ ಸರ್ಕಾರಕ್ಕೆ ಆ ಅಧಿಕಾರವಿದೆ ಎಂದೇ ಹೇಳಿತು. ಗಾಂಜಾ ಅಂದು ಮೂರನೇ ಷೆಡ್ಯೂಲಿನಲ್ಲಿದ್ದಿದ್ದರೂ ಆ ಆರು ಗಿಡಗಳು ಉಳಿಯುತ್ತಿರಲಿಲ್ಲ, ಏಕೆಂದರೆ ಫೆಡರಲ್ ನೋಂದಣಿ ಇಲ್ಲದೆ ನಿಯಂತ್ರಿತ ವಸ್ತುವನ್ನು ತಯಾರಿಸುವುದು ಯಾವ ಷೆಡ್ಯೂಲಿನಲ್ಲಾದರೂ ಅಪರಾಧವೇ. ದೊಡ್ಡ ಪ್ರಮಾಣದ ಗಾಂಜಾಕ್ಕೆ ವಿಧಿಸುವ ಕನಿಷ್ಠ ಸೆರೆವಾಸದ ಶಿಕ್ಷೆಗಳೂ ಷೆಡ್ಯೂಲನ್ನು ಅವಲಂಬಿಸಿಲ್ಲ. ಕಾಯ್ದೆಯಲ್ಲಿ ಗಾಂಜಾದ ಹೆಸರು ಮತ್ತು ತೂಕವನ್ನು ನೇರವಾಗಿ ನಮೂದಿಸಿರುವುದರಿಂದ ಅವನ್ನು ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಮಾತ್ರ ಬದಲಿಸಬಲ್ಲದು.

ಹಾಗಾದರೆ ಈಗ ರೋಗಿಗಳನ್ನು ಕಾಪಾಡುತ್ತಿರುವುದು ಯಾವುದು? ಬಹುಮಟ್ಟಿಗೆ ಅದು ಬಜೆಟ್ ಮಸೂದೆಯೊಳಗಿನ ಒಂದು ವಾಕ್ಯ. ರಾಜ್ಯಗಳು ತಮ್ಮ ವೈದ್ಯಕೀಯ ಗಾಂಜಾ ಕಾನೂನನ್ನು ಜಾರಿಗೆ ತರುವುದನ್ನು ತಡೆಯಲು ನ್ಯಾಯ ಇಲಾಖೆ ಹಣ ಖರ್ಚು ಮಾಡಕೂಡದು ಎಂಬ ಷರತ್ತನ್ನು ಕಾಂಗ್ರೆಸ್ 2014ರ ಡಿಸೆಂಬರ್‌ನಲ್ಲಿ ಮೊದಲ ಬಾರಿಗೆ ಸೇರಿಸಿತು, ನಂತರದ ಬಜೆಟ್‌ಗಳಲ್ಲಿ ಅದನ್ನು ನವೀಕರಿಸುತ್ತ ಬಂದಿದೆ. ರಾಜ್ಯದ ನಿಯಮವನ್ನು ಅಕ್ಷರಶಃ ಪಾಲಿಸಿದವರ ಮೇಲೆ ಮೊಕದ್ದಮೆ ನಡೆಸದಂತೆ ಈ ಷರತ್ತು ತಡೆಯುತ್ತದೆ ಎಂದು 2016ರಲ್ಲಿ ಪಶ್ಚಿಮದ ರಾಜ್ಯಗಳ ಫೆಡರಲ್ ಮೇಲ್ಮನವಿ ನ್ಯಾಯಾಲಯವಾದ ಒಂಬತ್ತನೇ ಸರ್ಕಿಟ್ ಹೇಳಿತು. ಷರತ್ತು ತೆಗೆದುಹಾಕಿದರೆ ಹಳೆಯ ಕೃತ್ಯಗಳಿಗೂ ಮೊಕದ್ದಮೆ ಹೂಡಬಹುದು ಎಂದು ಅದೇ ತೀರ್ಪು ಎಚ್ಚರಿಸಿತು. ಲಕ್ಷಾಂತರ ರೋಗಿಗಳ ನೆಮ್ಮದಿಯನ್ನು ಹೀಗೆ ಬಜೆಟ್ಟಿನಿಂದ ಬಜೆಟ್ಟಿಗೆ ಮುಂದೂಡುತ್ತಿರುವುದು ಸರಿಯಲ್ಲ. ಇದಕ್ಕೆ ಶಾಶ್ವತ ಕಾನೂನು ಬೇಕು, ಷೆಡ್ಯೂಲ್ ಬದಲಾವಣೆ ಅದರ ಸ್ಥಾನವನ್ನು ತುಂಬಲಾರದು.

ಫಾರ್ಮಸಿಯ ಪ್ರಶ್ನೆಗೆ ಬರೋಣ. ಮೂರನೇ ಷೆಡ್ಯೂಲಿನ ಔಷಧವನ್ನು ವೈದ್ಯರು ಚೀಟಿ ಬರೆದು ಕೊಡಬಹುದು ಎಂಬುದು ನಿಜ. ಆದರೆ ಆ ಔಷಧಕ್ಕೆ ಮೊದಲು ಎಫ್‌ಡಿಎ, ಅಂದರೆ ಫೆಡರಲ್ ಆಹಾರ ಮತ್ತು ಔಷಧ ಆಡಳಿತದ ಅನುಮೋದನೆ ಸಿಕ್ಕಿರಬೇಕು. ಡಿಸ್ಪೆನ್ಸರಿಯಲ್ಲಿ, ಅಂದರೆ ರಾಜ್ಯದ ಪರವಾನಗಿ ಪಡೆದ ಗಾಂಜಾ ಅಂಗಡಿಯಲ್ಲಿ, ಮಾರುವ ಒಣಗಿದ ಹೂವು, ಎಣ್ಣೆ, ಗಮ್ಮಿ (ಗಾಂಜಾ ಬೆರೆತ ಜೆಲ್ಲಿ ಮಿಠಾಯಿ) ಇವುಗಳಿಗೆ ಆ ಅನುಮೋದನೆ ಇಲ್ಲ. ಷೆಡ್ಯೂಲ್ ಬದಲಾದ ಮಾತ್ರಕ್ಕೆ ಅದು ಬರುವುದೂ ಇಲ್ಲ. ಈ ಕಾರಣದಿಂದಲೇ ವೈದ್ಯರು ಗಾಂಜಾವನ್ನು ಚೀಟಿಯಲ್ಲಿ ಬರೆಯದೆ "ಶಿಫಾರಸು" ಮಾತ್ರ ಮಾಡುತ್ತಾರೆ. ಹಾಗೆ ಶಿಫಾರಸು ಮಾಡಿದ ವೈದ್ಯರ ಪರವಾನಗಿಯನ್ನು ಕಸಿಯಲಾಗದು, ಅದು ವಾಕ್ ಸ್ವಾತಂತ್ರ್ಯದ ಭಾಗ ಎಂದು 2002ರಲ್ಲಿ ಒಂಬತ್ತನೇ ಸರ್ಕಿಟ್ ತೀರ್ಪು ನೀಡಿದೆ. ಇದಕ್ಕೆ ಪ್ರತಿಯಾಗಿ, ಗಾಂಜಾದ ಮುಖ್ಯ ಮಾದಕಾಂಶವಾದ ಟಿಎಚ್‌ಸಿಯನ್ನು ಕೃತಕವಾಗಿ ತಯಾರಿಸಿದ ಡ್ರೊನಾಬಿನಾಲ್ ಎಂಬ ಕ್ಯಾಪ್ಸೂಲ್ 1985ರಲ್ಲಿಯೇ ಅನುಮೋದನೆ ಪಡೆದು, 1999ರಲ್ಲಿ ಮೂರನೇ ಷೆಡ್ಯೂಲಿಗೆ ಬಂದಿದೆ. ಮಕ್ಕಳಲ್ಲಿ ಕಾಣುವ ತೀವ್ರ ಸ್ವರೂಪದ ಅಪಸ್ಮಾರಕ್ಕೆ ಕೊಡುವ, ಗಾಂಜಾ ಗಿಡದಿಂದಲೇ ತೆಗೆದ ಔಷಧವಾದ ಎಪಿಡಿಯೊಲೆಕ್ಸ್ 2018ರಲ್ಲಿ ಅನುಮೋದನೆಗೊಂಡಿತು. ಇವೆರಡನ್ನೂ ಫಾರ್ಮಸಿಯಲ್ಲಿ ಚೀಟಿ ತೋರಿಸಿ ಪಡೆಯಬಹುದು. ಕೀಮೋಥೆರಪಿಯ ವಾಕರಿಕೆಯಿಂದ ನರಳುವವರು ಕಾರ್ಡ್ ಮಾಡಿಸುವ ಮೊದಲು ಡ್ರೊನಾಬಿನಾಲ್ ತಮಗೆ ಸರಿಹೊಂದುವುದೇ ಎಂದು ವೈದ್ಯರನ್ನು ಕೇಳುವುದು ಒಳ್ಳೆಯದು.

ವಿಮೆಯ ವಿಷಯದಲ್ಲಿ ರಾಜ್ಯಗಳ ನಡುವೆಯೇ ಭಿನ್ನತೆ ಇದೆ. ಕೆಲಸದ ಸ್ಥಳದಲ್ಲಿ ಗಾಯಗೊಂಡು ಬೆನ್ನುನೋವಿನಿಂದ ಬಳಲುತ್ತಿದ್ದ ಕಟ್ಟಡ ಕಾರ್ಮಿಕರೊಬ್ಬರ ವೈದ್ಯಕೀಯ ಗಾಂಜಾ ಖರ್ಚನ್ನು ಮಾಲೀಕರು ಭರಿಸಬೇಕೆಂದು ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ 2021ರಲ್ಲಿ ಆದೇಶಿಸಿತು, ಮೇಲೆ ಹೇಳಿದ ಬಜೆಟ್ ಷರತ್ತನ್ನೇ ಅದು ಆಧಾರವಾಗಿ ಬಳಸಿಕೊಂಡಿತು. ಮೇನ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅಂಥದೇ ಪ್ರಕರಣದಲ್ಲಿ 2018ರಲ್ಲಿ ಇದಕ್ಕೆ ವಿರುದ್ಧವಾಗಿ ತೀರ್ಪು ಕೊಟ್ಟಿತ್ತು.

ನಿಜವಾದ ಬದಲಾವಣೆ ಕಾಣುವುದು ತೆರಿಗೆಯಲ್ಲಿ. 1982ರಿಂದ ಜಾರಿಯಲ್ಲಿರುವ ತೆರಿಗೆ ಸಂಹಿತೆಯ 280ಇ ಕಲಮು, ಒಂದನೇ ಮತ್ತು ಎರಡನೇ ಷೆಡ್ಯೂಲಿನ ವಸ್ತುಗಳನ್ನು ಮಾರುವವರು ಸರಕಿನ ಅಸಲನ್ನು ಬಿಟ್ಟು ಬೇರೆ ಯಾವ ಖರ್ಚನ್ನೂ ಕಳೆಯುವಂತಿಲ್ಲ ಎನ್ನುತ್ತದೆ. ಅಂಗಡಿಯೊಂದು 60 ಡಾಲರಿನ ಸರಕನ್ನು 100ಕ್ಕೆ ಮಾರಿ, ಬಾಡಿಗೆ ಮತ್ತು ಸಂಬಳಕ್ಕೆ 30 ಖರ್ಚು ಮಾಡಿತು ಎಂದುಕೊಳ್ಳೋಣ. ಉಳಿದ ಲಾಭ 10 ಡಾಲರ್. ಆದರೆ ಶೇ 21ರ ಕಂಪನಿ ತೆರಿಗೆಯನ್ನು 40 ಡಾಲರಿನ ಮೇಲೆ ಲೆಕ್ಕಹಾಕುವುದರಿಂದ 8.40 ಡಾಲರ್ ತೆರಿಗೆಗೇ ಹೋಗುತ್ತದೆ. ಮೂರನೇ ಷೆಡ್ಯೂಲಿನಲ್ಲಿ ಅದೇ ಅಂಗಡಿ 2.10 ಡಾಲರ್ ಕಟ್ಟಿದರೆ ಸಾಕು. ಈ ಉಳಿತಾಯ ರೋಗಿ ಕೊಡುವ ಬೆಲೆಯವರೆಗೆ ಇಳಿಯಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಸಂಶೋಧನೆ ಸುಲಭವಾಗುವುದರಿಂದ ಆಗುವ ಲಾಭ ನಿಧಾನದ್ದು, ಆದರೆ ರೋಗಿಗಳ ಮಟ್ಟಿಗೆ ಅದೇ ಹೆಚ್ಚು ಬೆಲೆಯುಳ್ಳದ್ದು ಎಂದು ನನಗನ್ನಿಸುತ್ತದೆ. ಯಾವ ಕಾಯಿಲೆಗೆ ಎಷ್ಟು ಪ್ರಮಾಣ, ಯಾವ ಔಷಧದ ಜೊತೆ ಅಪಾಯ ಎಂಬುದನ್ನು ವೈದ್ಯರು ಊಹೆಯಿಂದಲ್ಲದೆ ಪುರಾವೆಯಿಂದ ಹೇಳುವಂತಾಗುವುದು ಆ ದಾರಿಯಲ್ಲಿಯೇ.

ಉದ್ಯೋಗ, ಮನೆ, ಬಂದೂಕು ಇವುಗಳಿಗೆ ಸಂಬಂಧಿಸಿದ ಫೆಡರಲ್ ನಿಯಮಗಳು ಹೆಚ್ಚಾಗಿ ಷೆಡ್ಯೂಲಿನ ಸಂಖ್ಯೆಯನ್ನು ನೋಡುವುದಿಲ್ಲ, ಬಳಕೆ ಫೆಡರಲ್ ಕಾನೂನಿಗೆ ಅನುಗುಣವಾಗಿದೆಯೇ ಎಂದಷ್ಟೇ ಕೇಳುತ್ತವೆ. ಆದ್ದರಿಂದ ಫೆಡರಲ್ ನೆರವಿನ ವಸತಿಯಲ್ಲಿರುವ ರೋಗಿಗೆ ಕಾರ್ಡ್ ಇದ್ದರೂ ತೊಂದರೆ ತಪ್ಪದು. ಕೊಲರಾಡೊದಲ್ಲಿ ಗಾಲಿಕುರ್ಚಿಯಲ್ಲಿದ್ದ ಉದ್ಯೋಗಿಯೊಬ್ಬರು ಕೆಲಸದ ಹೊತ್ತಿನಾಚೆ ಮನೆಯಲ್ಲಿ ವೈದ್ಯಕೀಯ ಗಾಂಜಾ ಬಳಸಿದ್ದಕ್ಕೆ ನೌಕರಿ ಕಳೆದುಕೊಂಡಾಗ, ಆ ರಾಜ್ಯದ ಸುಪ್ರೀಂ ಕೋರ್ಟ್ 2015ರಲ್ಲಿ ಅವರ ಕೈಹಿಡಿಯಲಿಲ್ಲ. ಫೆಡರಲ್ ಕಾನೂನು ಒಪ್ಪದ ಬಳಕೆಯನ್ನು ಕಾನೂನುಸಮ್ಮತ ಎನ್ನಲಾಗದು ಎಂಬುದು ಅದರ ತರ್ಕವಾಗಿತ್ತು.

ಕ್ಯಾಲಿಫೋರ್ನಿಯಾದಲ್ಲೋ ನ್ಯೂಜೆರ್ಸಿಯಲ್ಲೋ ನೆಲೆಸಿ ಇನ್ನೂ ಅಮೆರಿಕದ ಪೌರತ್ವ ಪಡೆಯದ ಕನ್ನಡಿಗರು ಎಲ್ಲರಿಗಿಂತ ಹೆಚ್ಚು ಜಾಗ್ರತೆ ವಹಿಸಬೇಕು. ವಲಸೆ ಕಾನೂನು ಐದೂ ಷೆಡ್ಯೂಲುಗಳ ವಸ್ತುಗಳನ್ನು ಒಟ್ಟಾಗಿಯೇ ನಿಯಂತ್ರಿತ ವಸ್ತುಗಳೆಂದು ಎಣಿಸುತ್ತದೆ. ಶಿಕ್ಷೆಯೇ ಆಗಬೇಕೆಂದಿಲ್ಲ, ವೀಸಾ ಸಂದರ್ಶನದಲ್ಲೋ ವಿಮಾನ ನಿಲ್ದಾಣದಲ್ಲೋ ಬಳಕೆಯನ್ನು ಒಪ್ಪಿಕೊಂಡರೂ ಪ್ರವೇಶ ನಿರಾಕರಣೆಗೆ ಕಾರಣವಾಗಬಹುದು. ರಾಜ್ಯದ ಕಾನೂನು ಒಪ್ಪಿದ್ದರೂ ಗಾಂಜಾ ಬಳಕೆ, ಅಷ್ಟೇ ಏಕೆ, ಗಾಂಜಾ ಉದ್ಯಮದಲ್ಲಿ ಮಾಡಿದ ಕೆಲಸ ಕೂಡ ಪೌರತ್ವಕ್ಕೆ ಬೇಕಾದ "ಸನ್ನಡತೆ"ಗೆ ಅಡ್ಡಿಯಾಗಬಹುದು ಎಂದು ವಲಸೆ ಇಲಾಖೆ 2019ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿದೆ. ಮಗನ ಅಥವಾ ಮಗಳ ಮನೆಗೆ ಹೋಗಿ ಕೆಲಕಾಲ ಇರುವ ತಂದೆತಾಯಿಯರಿಗೂ ಪ್ರವೇಶದ ಈ ನಿಯಮ ಅನ್ವಯಿಸುತ್ತದೆ. ಕಾರ್ಡಿಗೆ ಅರ್ಜಿ ಹಾಕುವ ಮೊದಲೇ ವಲಸೆ ವಕೀಲರೊಬ್ಬರನ್ನು ಕೇಳುವುದು ಲೇಸು. ಹಾಗೆಯೇ ಊರಿಗೆ ಬರುವಾಗ ನೋವಿಗೆಂದು ಗಮ್ಮಿಯ ಡಬ್ಬಿಯನ್ನೋ ಎಣ್ಣೆಯ ಸೀಸೆಯನ್ನೋ ಚೀಲದಲ್ಲಿ ಇಟ್ಟುಕೊಳ್ಳಬಾರದು. ಮಾದಕ ವಸ್ತುಗಳನ್ನು ನಿಯಂತ್ರಿಸುವ ಭಾರತದ 1985ರ ಎನ್‌ಡಿಪಿಎಸ್ ಕಾಯ್ದೆಯು ಅಮೆರಿಕದ ರಾಜ್ಯವೊಂದು ಕೊಟ್ಟ ಕಾರ್ಡನ್ನು ಮಾನ್ಯ ಮಾಡುವುದಿಲ್ಲ, ಮತ್ತು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರೆ ಪ್ರಮಾಣ ಅಲ್ಪವಾಗಿದ್ದರೂ ಅದು ಶಿಕ್ಷಾರ್ಹ ಅಪರಾಧ.