24 ಡಿಸ್ಕ್ ಇದೆ, ಸ್ಪೇರ್ ಪಕ್ಕಕ್ಕೆ ಇಡ್ಬೇಕಾ, ಎಲ್ಲದರೊಳಗೂ ಹಂಚ್ಬೇಕಾ?

ಪ್ರಶ್ನೆ: ಝಡ್‌ಎಫ್‌ಎಸ್ ಅನ್ನೋ ಫೈಲ್ ಸಿಸ್ಟಮ್‌ನಲ್ಲಿ 16 ಟಿಬಿಯ 24 ಹಾರ್ಡ್ ಡಿಸ್ಕ್ ಹಾಕಿ ಪೂಲ್ (ಎಲ್ಲಾ ಸೇರಿ ಒಂದೇ ಸ್ಟೋರೇಜ್) ಮಾಡ್ತಿದೀನಿ, ಹೆಚ್ಚಾಗಿ ವಿಡಿಯೋ ಫೈಲ್‌ಗಳು. ರೇಡ್‌ಝಡ್2 (ಎರಡು ಡಿಸ್ಕ್ ಹೋದ್ರೂ ಡೇಟಾ ಉಳಿಯೋ ಜೋಡಣೆ) ಮಾಡಿ ಎರಡು ಹಾಟ್ ಸ್ಪೇರ್ (ಪಕ್ಕಕ್ಕೆ ಖಾಲಿ ಇಟ್ಟ ಬದಲಿ ಡಿಸ್ಕ್) ಇಟ್ರೆ ಸಾಕಾ, ಇಲ್ಲಾ ಸ್ಪೇರ್ ಜಾಗ ಎಲ್ಲಾ ಡಿಸ್ಕ್‌ಗೂ ಹಂಚೋ ಡಿರೇಡ್ ಮಾಡ್ಬೇಕಾ? ಡಿರೇಡ್‌ನಲ್ಲಿ ಸ್ಪೇರ್ ಡಿಸ್ಕ್ ಯಾವ್ದು ಅನ್ನೋದೇ ಗೊತ್ತಾಗ್ತಿಲ್ಲ.

ಉತ್ತರ: ದೊಡ್ಡ ಫೈಲ್‌ಗಳೇ ಜಾಸ್ತಿ ಅಂದ್ಮೇಲೆ ಡಿರೇಡ್ ಮಾಡಿ. ಆದ್ರೆ ಕಮಾಂಡ್ ಹೊಡೆಯೋ ಮುಂಚೆ ಇದನ್ನ ಪೂರ್ತಿ ಓದಿ, ಯಾಕಂದ್ರೆ ಒಂದ್ಸಲ ಮಾಡಿದ್ಮೇಲೆ ತಿದ್ದೋಕಾಗಲ್ಲ.

ಡಿರೇಡ್‌ನಲ್ಲಿ "ಇದೇ ಸ್ಪೇರ್ ಡಿಸ್ಕ್" ಅಂತ ಕೈ ತೋರಿಸೋಕೆ ಯಾವ್ದೂ ಇರಲ್ಲ. 24 ಡಿಸ್ಕೂ ಕೆಲಸ ಮಾಡ್ತಿರುತ್ವೆ, ಎರಡು ಡಿಸ್ಕ್‌ನಷ್ಟು ಖಾಲಿ ಜಾಗ ಆ 24ರಲ್ಲೂ ಸ್ವಲ್ಪ ಸ್ವಲ್ಪ ಹಂಚಿಹೋಗಿರುತ್ತೆ. ಇದು ಬಂದಿದ್ದು 2021ರ ಓಪನ್ ಝಡ್‌ಎಫ್‌ಎಸ್ 2.1ರಲ್ಲಿ, ಉದ್ದೇಶ ಒಂದೇ, ಡಿಸ್ಕ್ ಹೋದಾಗ ರೀಬಿಲ್ಡ್, ಅಂದ್ರೆ ಅದರ ಡೇಟಾ ಮತ್ತೆ ಕಟ್ಟೋ ಕೆಲಸ, ಬೇಗ ಮುಗೀಬೇಕು.

ಹಾಟ್ ಸ್ಪೇರ್‌ನಲ್ಲಿ ಏನಾಗುತ್ತೆ ಅಂದ್ರೆ, ಹೋಗಿರೋ ಡಿಸ್ಕ್‌ನ ಡೇಟಾ ಎಲ್ಲಾ ಒಂದೇ ಒಂದು ಹೊಸ ಡಿಸ್ಕ್‌ಗೆ ಬರೀಬೇಕು. ಸೆಕೆಂಡಿಗೆ 200 ಎಂಬಿ ಅಂತ ಹಿಡಿದ್ರೂ ತುಂಬಿದ 16 ಟಿಬಿಗೆ 22 ಗಂಟೆ ಬೇಕು, ಜನ ಬಳಸ್ತಿರೋ ಪೂಲ್ ಆದ್ರೆ ಇನ್ನೂ ಎಷ್ಟೋ ಜಾಸ್ತಿ. ಡಿರೇಡ್‌ನಲ್ಲಿ ಉಳಿದ 23 ಡಿಸ್ಕೂ ಓದ್ತಾ ಬರೀತಾ ಹೋಗುತ್ವೆ, ಒಂದೊಂದು ಡಿಸ್ಕ್‌ಗೆ ಹೆಚ್ಚುಕಮ್ಮಿ 5 ಟಿಬಿ ಓದೋದು, ಮುಕ್ಕಾಲು ಟಿಬಿಗಿಂತ ಕಮ್ಮಿ ಬರಿಯೋದು, ಹಾಗಾಗಿ ಅದೇ ಲೆಕ್ಕದಲ್ಲಿ ಎಂಟು ಗಂಟೆ ಹತ್ರ ಬರುತ್ತೆ. ಇನ್ನೊಂದು ಡಿಸ್ಕ್ ಕೈಕೊಡೋ ಭಯ ಇರೋದೇ ಈ ಗಂಟೆಗಳಲ್ಲಿ, ಅದಕ್ಕೇ ನಾನು ಇದಕ್ಕೆ ಇಷ್ಟು ಒತ್ತು ಕೊಡ್ತಿರೋದು.

ನಿಮ್ಮ 24ಕ್ಕೆ ನಾನು ಹೇಳೋದು ಡಿರೇಡ್2:8ಡಿ:24ಸಿ:2ಎಸ್. ಮೊದಲ 2 ಪ್ಯಾರಿಟಿ (ಹೋದ ಡೇಟಾನ ಲೆಕ್ಕ ಹಾಕಿ ವಾಪಸ್ ತರೋಕೆ ಬರೆದಿಡೋ ಹೆಚ್ಚುವರಿ ಮಾಹಿತಿ), 8ಡಿ ಅಂದ್ರೆ ಒಂದೊಂದು ಗುಂಪಲ್ಲಿ ಎಂಟು ಡೇಟಾ, 24ಸಿ ಒಟ್ಟು ಡಿಸ್ಕ್, 2ಎಸ್ ಹಂಚಿದ ಸ್ಪೇರ್. ಎಂಟಕ್ಕೆ ಎರಡು ಸೇರಿ ಹತ್ತು, 24ರಲ್ಲಿ ಸ್ಪೇರ್ ಕಳೆದು ಉಳಿದ 22ನ್ನ ಹತ್ತರಿಂದ ಭಾಗಿಸೋಕೆ ಬರಲ್ವಲ್ಲ ಅಂತ ತಲೆ ಕೆಡಿಸ್ಕೋಬೇಡಿ, ಸರಿಯಾಗಿ ಭಾಗ ಆಗ್ಲೇಬೇಕು ಅಂತ ಏನಿಲ್ಲ. ಸಿಗೋ ಜಾಗ 22ರಲ್ಲಿ ಹತ್ತಕ್ಕೆ ಎಂಟು, ಅಂದ್ರೆ ಸುಮಾರು 281 ಟಿಬಿ. 11 ಡಿಸ್ಕ್‌ನ ಎರಡು ರೇಡ್‌ಝಡ್2 ಮಾಡಿ ಎರಡು ಹಾಟ್ ಸ್ಪೇರ್ ಇಟ್ಟಿದ್ರೆ 288 ಬರ್ತಿತ್ತು, ದೊಡ್ಡ ವ್ಯತ್ಯಾಸ ಏನಲ್ಲ. 8ಡಿ ಬದಲು 4ಡಿ ಹಾಕಿದ್ರೆ ರೀಬಿಲ್ಡ್ ಇನ್ನೂ ಬೇಗ ಆಗುತ್ತೆ, ಆದ್ರೆ ಜಾಗ 234ಕ್ಕೆ ಇಳಿಯುತ್ತೆ.

ಸ್ಪೇರ್ ಬೇರೆ ಪ್ಯಾರಿಟಿ ಬೇರೆ ಅನ್ನೋದು ಮಾತ್ರ ಚೆನ್ನಾಗಿ ನೆನಪಿರ್ಲಿ. ಎರಡು ಸ್ಪೇರ್ ಇದೆ, ಎರಡು ಪ್ಯಾರಿಟಿ ಇದೆ, ಒಟ್ಟಿಗೆ ನಾಲ್ಕು ಡಿಸ್ಕ್ ಹೋದ್ರೂ ಪರ್ವಾಗಿಲ್ಲ ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ, ಅದು ತಪ್ಪು. ರೀಬಿಲ್ಡ್ ಮುಗಿಯೋ ಮುಂಚೆ ಮೂರನೇದು ಹೋದ್ರೆ ಇಡೀ ಪೂಲ್ ಹೋಯ್ತು, ಯಾಕಂದ್ರೆ 24ಕ್ಕೂ ಸೇರಿ ಇರೋದು ಒಂದೇ ವಿಡೆವ್ (ಪೂಲ್‌ನೊಳಗೆ ಒಟ್ಟಾಗಿ ಕೆಲಸ ಮಾಡೋ ಡಿಸ್ಕ್‌ಗಳ ಘಟಕ). ಹಳೇ ಡಿಸ್ಕ್‌ಗಳಾಗಿದ್ರೆ, ಎಲ್ಲಾ ಒಂದೇ ಬ್ಯಾಚಿನವಾಗಿದ್ರೆ ಮೂರು ಪ್ಯಾರಿಟಿಯ ಡಿರೇಡ್3 ಬಗ್ಗೆ ಯೋಚನೆ ಮಾಡಿ.

ಡಿಸ್ಕ್ ಹೋದಾಗ ಝೆಡ್ ಅನ್ನೋ ಡೀಮನ್ (ಹಿನ್ನೆಲೆಯಲ್ಲಿ ಓಡೋ ಪ್ರೋಗ್ರಾಂ) ಓಡ್ತಿದ್ರೆ ಡಿರೇಡ್2-0-0 ಅನ್ನೋ ಹೆಸರಿನ ಸ್ಪೇರ್ ತಾನಾಗೇ ಒಳಗೆ ಬರುತ್ತೆ, ಓಡ್ತಿಲ್ಲ ಅಂದ್ರೆ ಝಡ್‌ಪೂಲ್ ರಿಪ್ಲೇಸ್ ಕಮಾಂಡ್ ನೀವೇ ಕೊಡ್ಬೇಕು. ಈ ವೇಗದ ರೀಸಿಲ್ವರ್ (ರೀಬಿಲ್ಡ್‌ಗೆ ಝಡ್‌ಎಫ್‌ಎಸ್‌ನಲ್ಲಿರೋ ಹೆಸರು) ಚೆಕ್‌ಸಮ್, ಅಂದ್ರೆ ಡೇಟಾ ಸರಿ ಇದೆಯಾ ಅಂತ ತಿಳಿಸೋ ಗುರುತು, ನೋಡಲ್ಲ, ಅದಕ್ಕೇ ಮುಗಿದ ಕೂಡ್ಲೇ ಎಲ್ಲಾ ಡೇಟಾ ಓದಿ ಪರೀಕ್ಷೆ ಮಾಡೋ ಸ್ಕ್ರಬ್ ಶುರುವಾಗುತ್ತೆ, ಅದನ್ನ ದಯವಿಟ್ಟು ನಿಲ್ಲಿಸಬೇಡಿ. ಎಲ್ಲಾ ಸರಿಯಾಯ್ತು ಅಂತ ಅಲ್ಲಿಗೇ ಬಿಡಬೇಡಿ ಕೂಡ, ಹೊಸ ಡಿಸ್ಕ್ ತಂದು ರಿಪ್ಲೇಸ್ ಮಾಡಿದ್ರೇನೇ ಹಂಚಿದ ಜಾಗ ಮತ್ತೆ ಖಾಲಿಯಾಗಿ ಮುಂದಿನ ಸಲಕ್ಕೆ ಸಿಗೋದು. ಈ ಎರಡನೇ ಸುತ್ತು ಒಂದೇ ಡಿಸ್ಕ್‌ಗೆ ಬರೆಯೋದ್ರಿಂದ ನಿಧಾನ, ಆದ್ರೆ ಅಷ್ಟೊತ್ತಿಗೆ ಎರಡು ಪ್ಯಾರಿಟಿಯ ರಕ್ಷಣೆ ವಾಪಸ್ ಬಂದಿರುತ್ತೆ, ಹೆದರಬೇಕಾಗಿಲ್ಲ.

ಚಿಕ್ಕ ಫೈಲ್‌ಗಳಿಗೆ ಮಾತ್ರ ಡಿರೇಡ್ ಒಳ್ಳೇದಲ್ಲ. ಸ್ಟ್ರೈಪ್‌ನ (ಡಿಸ್ಕ್‌ಗಳಿಗೆ ಹಂಚಿ ಒಟ್ಟಿಗೆ ಬರೆಯೋ ಒಂದು ಸಾಲಿನ) ಅಗಲ ಫಿಕ್ಸ್ ಆಗಿರೋದ್ರಿಂದ 4ಕೆ ಸೆಕ್ಟರ್ ಡಿಸ್ಕ್‌ನಲ್ಲಿ 8ಡಿ ಅಂದ್ರೆ ಕನಿಷ್ಠ 32ಕೆ, ಪ್ಯಾರಿಟಿ ಸೇರಿ 40ಕೆ, ಒಳಗಿರೋದು ಬರೀ 4ಕೆ ಆದ್ರೂ ಅಷ್ಟೇ. ಅದೇ ಬ್ಲಾಕ್ ರೇಡ್‌ಝಡ್2ರಲ್ಲಿ 12ಕೆ ತಗೊಳ್ಳುತ್ತೆ. ವಿಡಿಯೋಗೆ ರೆಕಾರ್ಡ್‌ಸೈಜ್ (ಒಂದು ಬ್ಲಾಕ್‌ನ ಗರಿಷ್ಠ ಗಾತ್ರ) 1ಎಂ ಇಡಿ, ಈ ತೊಂದರೆ ಬರಲ್ಲ. ಡೇಟಾಬೇಸ್, ವರ್ಚುವಲ್ ಮಷೀನ್ ಎಲ್ಲಾ ಇದರ ಮೇಲೇ ಬೇಕು ಅಂದ್ರೆ ಚಿಕ್ಕ ಬ್ಲಾಕ್‌ಗಳನ್ನ ಬೇರೆ ಇಡೋಕೆ ಎಸ್‌ಎಸ್‌ಡಿಗಳ ಸ್ಪೆಷಲ್ ವಿಡೆವ್ ಸೇರಿಸಿ, ಅದೂ ಮೂರು ಡಿಸ್ಕ್‌ನ ಮಿರರ್ (ಮೂರರಲ್ಲೂ ಒಂದೇ ಪ್ರತಿ) ಆಗಿರ್ಲಿ, ಅದು ಹೋದ್ರೆ ಪೂಲೇ ಹೋದಂಗೆ.

ಇನ್ನು ತಿದ್ದೋಕಾಗಲ್ಲ ಅಂದಿದ್ದು ಇದಕ್ಕೆ: ಡಿ, ಸಿ, ಎಸ್ ಯಾವ್ದನ್ನೂ ಆಮೇಲೆ ಬದಲಾಯಿಸೋಕಾಗಲ್ಲ. 2025ರ ಜನವರಿಯಲ್ಲಿ ಬಂದ 2.3ರಲ್ಲಿ ರೇಡ್‌ಝಡ್‌ಗೆ ಒಂದೊಂದೇ ಡಿಸ್ಕ್ ಸೇರಿಸೋ ಸೌಲಭ್ಯ ಬಂತು, ಅದು ಡಿರೇಡ್‌ಗೆ ಅನ್ವಯಿಸಲ್ಲ. ಬೆಳೆಸ್ಬೇಕಂದ್ರೆ ಇನ್ನೊಂದು ಪೂರ್ತಿ ವಿಡೆವ್ ಸೇರಿಸ್ಬೇಕು, ಮೊದಲನೇದರ ಸ್ಪೇರ್ ಎರಡನೇದಕ್ಕೆ ಉಪಯೋಗಕ್ಕೆ ಬರಲ್ಲ. ಹಾಗಾಗಿ ಡೇಟಾ ತುಂಬೋ ಮೊದ್ಲು ಖಾಲಿ ಪೂಲ್‌ನಲ್ಲಿ ಒಂದಷ್ಟು ಟೆಸ್ಟ್ ಫೈಲ್ ಹಾಕಿ, ಒಂದು ಡಿಸ್ಕನ್ನ ಆಫ್‌ಲೈನ್ ಮಾಡಿ, ಸ್ಪೇರ್‌ಗೆ ರಿಪ್ಲೇಸ್ ಕೊಟ್ಟು, ವಾಪಸ್ ಹಾಕಿ ಪೂರ್ತಿ ಒಂದು ಸುತ್ತು ನೋಡಿ. ಡಿಸ್ಕ್‌ಗಳಿಗೆ ಎಸ್‌ಡಿಎ, ಎಸ್‌ಡಿಬಿ ಹೆಸರು ಬೇಡ, ಸೀರಿಯಲ್ ನಂಬರ್ ಇರೋ ಬೈ-ಐಡಿ ಹೆಸರೇ ಕೊಡಿ, ಇಲ್ಲಾಂದ್ರೆ 24ರಲ್ಲಿ ಯಾವ ಟ್ರೇ ಎಳೀಬೇಕು ಅಂತ ಆ ಹೊತ್ತಲ್ಲಿ ಗೊತ್ತಾಗಲ್ಲ.