ಪಾಸ್‌ಬುಕ್ ಓದುವ ಬುಧವಾರ

ತಿಂಗಳ ಎರಡನೆಯ ಬುಧವಾರ ನಮ್ಮ ಹಿರಿಯರ ಕೂಟದಲ್ಲಿ ಭಜನೆ ಇರುವುದಿಲ್ಲ, ಭಾಷಣವಂತೂ ಇಲ್ಲವೇ ಇಲ್ಲ. ಅಂದು ಪಾಸ್‌ಬುಕ್ ಓದುತ್ತೇವೆ. ಎಲೆಅಡಿಕೆ ಚೀಲದಿಂದ, ಹಾಲಿನ ಕವರಿನಿಂದ, ಸೆರಗಿನ ಗಂಟಿನಿಂದ ಪಾಸ್‌ಬುಕ್ಕುಗಳು ಹೊರಬರುತ್ತವೆ. ನಮ್ಮಲ್ಲೊಬ್ಬರು ನಿವೃತ್ತ ಅಂಚೆಯಣ್ಣ ಇದ್ದಾರೆ. ಹಿಂದಿನ ದಿನವೇ ಎಲ್ಲರ ಪುಸ್ತಕ ಒಟ್ಟುಮಾಡಿ ಬ್ಯಾಂಕಿಗೆ ಒಯ್ದು ಎಂಟ್ರಿ ಹಾಕಿಸಿರುತ್ತಾರೆ. ಕನ್ನಡಕ ಮೂಗಿನ ತುದಿಗೆ ಇಳಿಸಿ, ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು, ಯಾವ ತಾರೀಕು ಎಷ್ಟು ಬಂತು, ಎಷ್ಟು ಹೋಯಿತು ಎಂದು ಕಿವಿಯ ಹತ್ತಿರ ಓದಿ ಹೇಳುತ್ತಾರೆ. ಮೊದಲು ಜೋರಾಗಿಯೇ ಓದುತ್ತಿದ್ದೆವು. ಯಾರ ಖಾತೆಯಲ್ಲಿ ಎಷ್ಟಿದೆ ಎಂಬ ಸುದ್ದಿ ಅಜ್ಜಿ ಮನೆ ತಲುಪುವ ಮೊದಲೇ ಸೊಸೆಗೆ ತಲುಪಿದ ಮೇಲೆ ನಮಗೆ ಬುದ್ಧಿ ಬಂತು.

ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಸಮಾಜ ಕಾರ್ಯಕರ್ತೆಯಾಗಿ ನಾನು ಮಾಡುವ ಕೆಲಸದಲ್ಲಿ ಈ ಬುಧವಾರದ ಪಾಲು ದೊಡ್ಡದು. ಶುರುವಿನಲ್ಲಿ ಕೇರಂ ಬೋರ್ಡು ತಂದಿದ್ದೆವು, ಚೌಕಾಬಾರದ ಮಣೆ ಮಾಡಿಸಿದ್ದೆವು. ಕೇರಂ ಬೋರ್ಡು ಈಗ ಗೋಡೆಗೆ ಒರಗಿ ನಿಂತಿದೆ, ಅದರ ಮೇಲೆ ಛತ್ರಿ ಒಣಗಿಸುತ್ತಾರೆ. ಅವರಿಗೆ ಬೇಕಾಗಿದ್ದದ್ದು ಓದಿ ಹೇಳುವ ಒಂದು ಜೊತೆ ಕಣ್ಣು.

ಸುಮಾರು ಎಪ್ಪತ್ತೈದು ದಾಟಿದ ಒಬ್ಬ ಅಜ್ಜಿ. ಸರ್ಕಾರ ಹಿರಿಯರಿಗೆ ಕೊಡುವ ಸಂಧ್ಯಾ ಸುರಕ್ಷಾ ಪಿಂಚಣಿಯ ದುಡ್ಡು ನಿಲ್ಲಿಸಿಬಿಟ್ಟಿದೆ ಎಂದು ಏಳು ತಿಂಗಳಿಂದ ಕೂಟದಲ್ಲಿ ಶಾಪ ಹಾಕುತ್ತಿದ್ದರು. ನಾವೂ ತಲೆಯಾಡಿಸುತ್ತಿದ್ದೆವು. ತಡವಾಗುವುದು ಹೊಸದೇನಲ್ಲವಲ್ಲ. ಅವರ ಪಾಸ್‌ಬುಕ್ಕು ಅಕ್ಕಿಡಬ್ಬದಲ್ಲಿತ್ತು, ವರ್ಷದಿಂದ ಎಂಟ್ರಿ ಹಾಕಿಸಿರಲಿಲ್ಲ. ಅಂಚೆಯಣ್ಣ ಹಾಕಿಸಿ ತಂದರು. 1,200 ರೂಪಾಯಿ ತಿಂಗಳು ತಿಂಗಳೂ ಬಂದಿತ್ತು. ಬಂದ ಎರಡು ಮೂರು ದಿನಕ್ಕೆ ಎಟಿಎಂನಲ್ಲಿ ಹೋಗಿಯೂ ಇತ್ತು. "ನನಗೆ ಕಾರ್ಡೇ ಇಲ್ಲವಲ್ಲ ಸ್ವಾಮಿ" ಎಂದರು ಅಜ್ಜಿ. ಹಾಗೆಂದ ಮರುಕ್ಷಣ ಅವರಿಗೆ ತಿಳಿಯಿತು. ಪುಸ್ತಕ ಮುಚ್ಚಿದರು. ನನ್ನ ಕಡೆ ನೋಡದೆಯೇ, "ಇದನ್ನು ಇಲ್ಲಿಗೇ ಬಿಡಿ ತಾಯಿ, ಮಗುವಿನ ಹೆಸರು ಬೀದಿಗೆ ಬರುವುದು ಬೇಡ" ಎಂದರು. ಮಗು ಎಂದರೆ ಇಪ್ಪತ್ತೆರಡು ವರ್ಷದ ಮೊಮ್ಮಗ.

ನನ್ನ ಜೊತೆ ಕೆಲಸಕ್ಕೆ ಹೊಸದಾಗಿ ಸೇರಿದ್ದ ಹುಡುಗಿಗೆ ಕಣ್ಣು ಕೆಂಪಗಾಯಿತು. ಪೊಲೀಸ್ ಠಾಣೆಗೆ ಹೋಗೋಣ ಎಂದಳು. ನಾನು ತಡೆದೆ. ಈ ವಿಷಯದಲ್ಲಿ ನನ್ನ ವೃತ್ತಿಯವರಲ್ಲೇ ಎರಡು ಅಭಿಪ್ರಾಯವಿದೆ, ನನ್ನದು ಇದು: ಅಜ್ಜಿಯ ಬುದ್ಧಿ ಸ್ವಾಧೀನದಲ್ಲಿರುವವರೆಗೆ, ಜೀವಕ್ಕೆ ಅಪಾಯವಿಲ್ಲದಿರುವವರೆಗೆ, ಎಷ್ಟು ದೂರ ಹೋಗಬೇಕೆಂದು ಅಜ್ಜಿಯೇ ಹೇಳಬೇಕು. ಹಿರಿಯರ ಪರ ಮಾತನಾಡುತ್ತೇವೆ ಎನ್ನುತ್ತಲೇ ಅವರ ಮಾತನ್ನು ಪಕ್ಕಕ್ಕೆ ತಳ್ಳಿ ಹೊರಡುವವರನ್ನು ಬೇಕಾದಷ್ಟು ನೋಡಿದ್ದೇನೆ, ಹಿಂದೆ ನಾನೂ ಹಾಗೇ ಹೊರಟವಳೇ. ಎರಡು ಪ್ರಶ್ನೆ ಕೇಳಿದೆ. ಕಾರ್ಡು ನಿಲ್ಲಿಸಲೇ? ಮೊಮ್ಮಗನ ಹತ್ತಿರ ಮಾತನಾಡಲೇ? ಮೊದಲನೆಯದಕ್ಕೆ ಹೂಂ ಎಂದರು, ಎರಡನೆಯದಕ್ಕೆ ಬೇಡವೆಂದರು. ಬ್ಯಾಂಕಿಗೆ ಕರೆದುಕೊಂಡು ಹೋಗಿ ಕಾರ್ಡು ನಿಲ್ಲಿಸಿದೆವು. ಖಾತೆಗೆ ಜೋಡಿಸಿದ್ದ ಮೊಬೈಲ್ ನಂಬರು ಮೊಮ್ಮಗನದು. ಅದನ್ನು ತೆಗೆಸಿ ಅಜ್ಜಿಯ ಗುಂಡಿ ಒತ್ತುವ ಫೋನಿನ ನಂಬರು ಹಾಕಿಸಿದೆವು. ಮರುತಿಂಗಳು ದುಡ್ಡು ತೆಗೆದವರೂ ಅವರೇ, ಅದರಲ್ಲಿ ಮುನ್ನೂರು ಮೊಮ್ಮಗನ ಕೈಗಿಟ್ಟವರೂ ಅವರೇ. ಹುಡುಗಿಗೆ ಇದೂ ಸರಿಬರಲಿಲ್ಲ. ನನಗೆ ಸರಿಬಂತು.

ಇಷ್ಟು ವಿವರವಾಗಿ ಬರೆದದ್ದಕ್ಕೆ ಕಾರಣವಿದೆ. "ಇಲ್ಲಿ ದೂರು ಸ್ವೀಕರಿಸಲಾಗುವುದು" ಎಂದು ಬೋರ್ಡು ಹಾಕಿ ಕುಳಿತಿದ್ದರೆ ಈ ಅಜ್ಜಿ ಆ ಬೀದಿಗೇ ಬರುತ್ತಿರಲಿಲ್ಲ. ಹಿರಿಯರ ಸಹಾಯವಾಣಿ 14567 ದೇಶಕ್ಕೆಲ್ಲ ಒಂದೇ, ಉಚಿತ. ಬೆಂಗಳೂರಿನಲ್ಲಿ ನಗರ ಪೊಲೀಸರೂ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನವರೂ ಸೇರಿ 1090 ಸಹಾಯವಾಣಿಯನ್ನು 2002ರಲ್ಲೇ ಆರಂಭಿಸಿದ್ದಾರೆ. ಒಳ್ಳೆಯ ವ್ಯವಸ್ಥೆಗಳೇ. ಆದರೆ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಫೋನು ಇರುವುದೇ ಯಾರ ಮೇಲೆ ದೂರು ಹೇಳಬೇಕೋ ಅವರ ಜೇಬಿನಲ್ಲಿ. ಹಿರಿಯರ ಕಷ್ಟ ಅರ್ಜಿಯಾಗಿ ಬರುವುದಿಲ್ಲ. ಮೂರನೆಯ ತಿಂಗಳೋ ನಾಲ್ಕನೆಯ ತಿಂಗಳೋ ಟೀ ಕುಡಿಯುವಾಗ, ಬೇರೆ ಯಾರದೋ ಮನೆಯ ಕಥೆಯೆಂಬಂತೆ ಬರುತ್ತದೆ. ವಾರಕ್ಕೊಮ್ಮೆ ಸೇರುವ ಕೂಟವನ್ನು ಹೊತ್ತು ಹೋಗದವರ ಹರಟೆ ಎಂದು ಅಂದುಕೊಳ್ಳುವ ಅಧಿಕಾರಿಗಳಿಗೆ ಇದನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಅಕ್ಟೋಬರ್ 1ರ ಹಿರಿಯರ ದಿನ ಬಂದರೆ ಮಾತ್ರ ವೇದಿಕೆ, ಶಾಲು, ಹಿರಿಯರಿಗೆ ನಿಂಬೆಹಣ್ಣು ಚಮಚದ ಓಟ. ಮಂಡಿ ನೋವಿನವರನ್ನು ಓಡಿಸುವ ಆಲೋಚನೆ ಯಾರಿಗೆ ಹೊಳೆಯಿತೋ.

ಕೂಟ ಕಟ್ಟುವಾಗ ನಾವು ಮಾಡಿದ ತಪ್ಪುಗಳನ್ನೂ ಹೇಳಬೇಕು. ಮೊದಲ ಆರು ತಿಂಗಳು ದೇವಸ್ಥಾನದ ಪಕ್ಕದ ಸಮುದಾಯ ಭವನದಲ್ಲಿ ಸೇರುತ್ತಿದ್ದೆವು. ಎರಡು ಕೇರಿಗಳಿಂದ ಒಬ್ಬರೂ ಬರಲಿಲ್ಲ. ಅವರಿಗೆ ಕೂಲಿ ಕೆಲಸ, ಬಿಡುವಿಲ್ಲ ಎಂದು ನಮಗೆ ನಾವೇ ಸಮಾಧಾನ ಹೇಳಿಕೊಂಡೆವು. ಕೊನೆಗೆ ಒಂದು ದಿನ ಮನೆಗೇ ಹೋಗಿ ಕೇಳಿದಾಗ ಒಬ್ಬ ತಾತ, "ಅಲ್ಲಿ ನಾವು ಕೂರುವುದೆಲ್ಲಿ?" ಎಂದರು. ಅದಾದ ಮೇಲೆ ಕೂಟ ಶಾಲೆಯ ಜಗಲಿಗೆ ಬಂತು. ಸಮಯ ಬೆಳಗ್ಗೆ ಹನ್ನೊಂದರಿಂದ ಒಂದು. ಅದಕ್ಕೆ ಮೊದಲು ಹೆಂಗಸರಿಗೆ ಮನೆಯ ಕೆಲಸ, ಆಮೇಲೆ ಮೊಮ್ಮಕ್ಕಳು ಶಾಲೆಯಿಂದ ಬರುವ ಹೊತ್ತು. ಎಲ್ಲಕ್ಕಿಂತ ಮುಖ್ಯವಾದದ್ದು, ಮೆಟ್ಟಿಲು ಹತ್ತದೆ ಹೋಗಬಹುದಾದ ಶೌಚಾಲಯ. ಅದಿಲ್ಲದಿದ್ದರೆ ಎಪ್ಪತ್ತು ದಾಟಿದವರು ಮುಕ್ಕಾಲು ಗಂಟೆಗೆ ಎದ್ದು ಹೊರಡುತ್ತಾರೆ, ಕಾರಣ ಹೇಳುವುದಿಲ್ಲ. ಗಂಡಸರು ಈಗಲೂ ಕಡಿಮೆ. ಅವರಿಗೆ ಅರಳಿಕಟ್ಟೆ ಇದೆ.

ಇನ್ನು ದಾನಪತ್ರದ ವಿಷಯ. ನನ್ನ ಬಳಿ ಬರುವ ಆಸ್ತಿ ಸಂಕಟಗಳಲ್ಲಿ ಹೆಚ್ಚಿನವು ಉಪನೋಂದಣಾಧಿಕಾರಿ ಕಚೇರಿಯ ಮುಂದಿನ ಮರದ ಕೆಳಗೆ ಹುಟ್ಟಿದವು. ತಂದೆ ತಾಯಿ ಮನೆಯನ್ನೋ ತೋಟವನ್ನೋ ಮಗನ ಹೆಸರಿಗೆ ದಾನಪತ್ರ ಮಾಡುತ್ತಾರೆ. ಪತ್ರ ಬರಹಗಾರರು ಯಾವತ್ತಿನ ಒಕ್ಕಣೆಯಲ್ಲೇ "ನಿನ್ನ ಮೇಲಿನ ಪ್ರೀತಿ ವಿಶ್ವಾಸದಿಂದ" ಎಂದು ಬರೆದು ಮುಗಿಸುತ್ತಾರೆ. ಹೆಬ್ಬೆಟ್ಟು ಬೀಳುತ್ತದೆ, ಖಾತೆ ಬದಲಾಗುತ್ತದೆ. ಎರಡು ವರ್ಷಕ್ಕೆ ಊಟದ ತಟ್ಟೆ ಹಜಾರದಿಂದ ಕೊಟ್ಟಿಗೆಗೆ ಬರುತ್ತದೆ.

2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ, ಪೋಷಣೆ ಕಾಯ್ದೆಯ 23ನೇ ಕಲಂ ಇದಕ್ಕಾಗಿಯೇ ಇದೆ. ಆಸ್ತಿ ಪಡೆದವರು ತನ್ನನ್ನು ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಹಿರಿಯರು ಆಸ್ತಿ ಕೊಟ್ಟಿದ್ದು, ಪಡೆದವರು ಕೈಬಿಟ್ಟರೆ, ಆ ಪತ್ರವನ್ನು ನ್ಯಾಯಮಂಡಳಿ ರದ್ದು ಮಾಡಬಹುದು. ತೊಡಕಿರುವುದು ಷರತ್ತಿನಲ್ಲಿ. ಅಂಥ ಷರತ್ತು ಇದ್ದಿತೆಂದು ತೋರಿಸಲೇಬೇಕು ಎಂದು 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2025ರ ಜನವರಿಯ ಇನ್ನೊಂದು ತೀರ್ಪಿನಲ್ಲಿ, ಇದು ಹಿರಿಯರ ಹಿತಕ್ಕಾಗಿ ಮಾಡಿದ ಕಾಯ್ದೆ, ಉದಾರವಾಗಿ ಅರ್ಥ ಮಾಡಬೇಕು ಎಂದು, ದಾನಪತ್ರದ ಜೊತೆಗೆ ಮಗ ಬರೆದುಕೊಟ್ಟಿದ್ದ ವಚನಪತ್ರವನ್ನೂ ಗಣಿಸಿ ತಾಯಿಗೆ ಸ್ವಾಧೀನ ಮರಳಿ ಕೊಡಿಸಿತು. ಎರಡನ್ನೂ ಒಟ್ಟಿಗೆ ಓದಿದರೆ ನನಗೆ ಸಿಗುವ ಬುದ್ಧಿ ಒಂದೇ: ನ್ಯಾಯಾಲಯದ ಔದಾರ್ಯವನ್ನು ನೆಚ್ಚಿಕೊಳ್ಳಬೇಡಿ, ಪತ್ರದಲ್ಲೇ ಬರೆಸಿ. "ದಾನ ಪಡೆದವರು ದಾನ ಕೊಟ್ಟವರ ಜೀವಮಾನ ಪರ್ಯಂತ ಊಟ, ವಸತಿ, ಬಟ್ಟೆ, ಔಷಧೋಪಚಾರ ನೋಡಿಕೊಳ್ಳತಕ್ಕದ್ದು, ತಪ್ಪಿದಲ್ಲಿ ಈ ಪತ್ರವನ್ನು ರದ್ದುಪಡಿಸುವ ಹಕ್ಕು ದಾನಿಗೆ ಇರುತ್ತದೆ." ಇಷ್ಟು ಸಾಲನ್ನು ದೊಡ್ಡ ಅಕ್ಷರದಲ್ಲಿ ಬರೆದು ಜಗಲಿಯ ಗೋಡೆಗೆ ಅಂಟಿಸಿದ್ದೇವೆ. ದಾನಪತ್ರವೇ ಬೇಡ, ಉಯಿಲು ಬರೆಯಿರಿ ಎನ್ನುವುದು ನನ್ನ ಮೊದಲ ಸಲಹೆ. ಉಯಿಲನ್ನು ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು, ಇಬ್ಬರು ಸಾಕ್ಷಿ ಇದ್ದರೆ ಸಾಕು, ನೋಂದಣಿ ಕಡ್ಡಾಯವಲ್ಲ. ಆದರೆ "ಈಗಲೇ ನನ್ನ ಹೆಸರಿಗೆ ಮಾಡಿದರೆ ಮಾತ್ರ ಸಾಲ ಸಿಗುತ್ತದೆ" ಎಂದು ಮಗ ಎದುರು ಕುಳಿತಾಗ ನನ್ನ ಸಲಹೆ ಎಷ್ಟು ಹೊತ್ತು ನಿಂತೀತು?

ನ್ಯಾಯಮಂಡಳಿ ಎಂದರೆ ಕೋರ್ಟಲ್ಲ, ಉಪವಿಭಾಗಾಧಿಕಾರಿಗಳ ಕಚೇರಿ, ಜನರ ಬಾಯಲ್ಲಿ ಏಸಿ ಸಾಹೇಬರ ಆಫೀಸು. ಅಲ್ಲಿ ವಕೀಲರು ಹಾಜರಾಗುವಂತಿಲ್ಲ ಎಂದು ಕಾಯ್ದೆಯ 17ನೇ ಕಲಂ ಹೇಳುತ್ತದೆ. ಅರ್ಜಿಯನ್ನು ಹಿರಿಯರೇ ಕೊಡಬಹುದು, ಅವರಿಗೆ ಆಗದಿದ್ದರೆ ಅವರು ಒಪ್ಪಿ ನೇಮಿಸಿದ ವ್ಯಕ್ತಿಯೋ ಸಂಸ್ಥೆಯೋ ಕೊಡಬಹುದು. ಮಕ್ಕಳಿಗೆ ನೋಟಿಸು ತಲುಪಿದ 90 ದಿನಗಳಲ್ಲಿ ಜೀವನಾಂಶದ ತೀರ್ಮಾನ ಆಗಬೇಕು, ಹೆಚ್ಚೆಂದರೆ ಇನ್ನೊಂದು 30 ದಿನ. ಗರಿಷ್ಠ ಮಿತಿ ತಿಂಗಳಿಗೆ 10,000 ರೂಪಾಯಿ. ಈ ಮಿತಿ ತೆಗೆಯಬೇಕೆಂದು 2019ರಲ್ಲಿ ಲೋಕಸಭೆಗೆ ತಿದ್ದುಪಡಿ ಮಸೂದೆ ಬಂತು, ಕಾಯ್ದೆಯಾಗಲಿಲ್ಲ. ಆದೇಶ ಸರಿಯೆನಿಸದಿದ್ದರೆ ಹಿರಿಯರು 60 ದಿನಗಳೊಳಗೆ ಜಿಲ್ಲಾಧಿಕಾರಿಗಳಿಗೆ ಮೇಲ್ಮನವಿ ಹಾಕಬಹುದು. ಮಕ್ಕಳಿಲ್ಲದವರು, ತಮ್ಮ ಆಸ್ತಿ ಯಾರಿಗೆ ಸೇರುತ್ತದೋ ಆ ಸಂಬಂಧಿಕರ ಮೇಲೆ ಅರ್ಜಿ ಹಾಕಬಹುದು ಎಂಬುದು ಬಹಳ ಜನರಿಗೆ ಗೊತ್ತೇ ಇಲ್ಲ.

ಕಾಗದದ ಮೇಲೆ ಇದೆಲ್ಲ ಸಲೀಸು. ವಿಚಾರಣೆಯ ದಿನ ಬೆಳಗ್ಗೆ ಏಳರ ಬಸ್ಸಿಗೆ ಹತ್ತಿಸುವವರಾರು, ಮಧ್ಯಾಹ್ನದ ಮಾತ್ರೆ ನೆನಪಿಸುವವರಾರು, ಎದುರಿಗೆ ಮಗ ಕುಳಿತಾಗ ತಾಯಿ "ಎಲ್ಲ ಸರಿಯಿದೆ ಸಾಹೇಬರೇ" ಎಂದುಬಿಡದಂತೆ ಪಕ್ಕದಲ್ಲಿ ಇರುವವರಾರು? ಇಲ್ಲಿ ನಮ್ಮ ಕೂಟದವರೇ ಬೇಕಾಗುವುದು. ಒಬ್ಬರ ವಿಚಾರಣೆಗೆ ಇಬ್ಬರು ಜೊತೆಗೆ ಹೋಗುತ್ತಾರೆ, ಅವರೂ ಅದೇ ವಯಸ್ಸಿನವರು. ಹೆಂಗಸರಿಗೆ ಈಗ ಬಸ್ಸು ಉಚಿತವಾದ್ದರಿಂದ ಖರ್ಚಿನ ಚಿಂತೆಯೂ ಕಡಿಮೆ. ಮಾತನಾಡಬಾರದು, ಸುಮ್ಮನೆ ಕಣ್ಣಿಗೆ ಕಾಣುವ ಹಾಗೆ ಕೂರಬೇಕು ಎಂಬುದಷ್ಟೇ ನಾನು ಅವರಿಗೆ ಹೇಳಿಕೊಟ್ಟಿರುವುದು. ಸಂಧಾನದಲ್ಲೇ ಮುಗಿದ ಪ್ರಕರಣಗಳಲ್ಲಿ ಆ ಇಬ್ಬರು ಮೌನವಾಗಿ ಕುಳಿತದ್ದರ ಪಾಲು ನನ್ನ ಅರ್ಜಿಯ ಪಾಲಿಗಿಂತ ದೊಡ್ಡದು.

ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಈ ಕಾಯ್ದೆಯನ್ನು ಹಿಡಿದು ಸೊಸೆಯನ್ನು ಹೊರಹಾಕಿಸಲು ಬರುವವರೂ ಇದ್ದಾರೆ, ಕೆಲವೊಮ್ಮೆ ಹಿಂದೆ ನಿಂತು ಮಾಡಿಸುವವನು ಮಗನೇ. ಬೆಂಗಳೂರಿನಿಂದ ಹೋದ ಅಂಥದೊಂದು ಪ್ರಕರಣದಲ್ಲಿ 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಹಿರಿಯರ ಕಾಯ್ದೆಯ ಬಲದಿಂದ ಸೊಸೆಯ ವಾಸದ ಹಕ್ಕನ್ನು ಹಾಗೆ ತಳ್ಳಿಹಾಕಲಾಗದು ಎಂದಿತು. ಅಂಥ ಅರ್ಜಿ ಬಂದರೆ ನಾನು ಮೊದಲು ಸೊಸೆಯನ್ನು ಕಂಡು ಬರುತ್ತೇನೆ. ಇದಕ್ಕೆ ಕೂಟದಲ್ಲಿ ಕೆಲವರಿಗೆ ನನ್ನ ಮೇಲೆ ಮುನಿಸಿದೆ.

ಕೂಟ ತಾನಾಗಿಯೇ ಮಾಡಿದ ಹೋರಾಟ ಒಂದೇ ಒಂದು, ಅದೂ ಕುರ್ಚಿಗಾಗಿ. ನಮ್ಮೂರಿನ ಒಂದು ಬ್ಯಾಂಕ್ ಶಾಖೆಯಲ್ಲಿ ವೃದ್ಧಾಪ್ಯ ವೇತನ ಬರುವ ವಾರ ಮುದುಕರು ಎರಡು ಗಂಟೆ ನಿಲ್ಲಬೇಕಿತ್ತು. ಹಿರಿಯರಿಗೆ ಪ್ರತ್ಯೇಕ ಅಥವಾ ಆದ್ಯತೆಯ ಕೌಂಟರ್ ಇರಬೇಕು, 70 ದಾಟಿದವರಿಗೆ ಮನೆಬಾಗಿಲಿನ ಸೇವೆ ಕೊಡಲು ಪ್ರಯತ್ನಿಸಬೇಕು ಎಂದು ರಿಸರ್ವ್ ಬ್ಯಾಂಕು 2017ರ ನವೆಂಬರಿನಲ್ಲೇ ಬ್ಯಾಂಕುಗಳಿಗೆ ಸೂಚಿಸಿದೆ. ಅಂಚೆಯಣ್ಣ ಅದರ ಪ್ರತಿ ತೆಗೆಸಿ, ಮನವಿಗೆ ಲಗತ್ತಿಸಿ, ನಲವತ್ತೊಂದು ಜನರ ಸಹಿ ಹಾಕಿಸಿದರು. ಅದರಲ್ಲಿ ಇಪ್ಪತ್ತಾರು ಹೆಬ್ಬೆಟ್ಟು. ಮ್ಯಾನೇಜರಿಗೆ ಕೊಡುವಾಗ ಹಿಂಬರಹ ಬೇಕೆಂದು ಹಟ ಹಿಡಿದು ಪಡೆದರು. ನಲವತ್ತು ವರ್ಷ ರಿಜಿಸ್ಟರ್ಡ್ ಪೋಸ್ಟಿಗೆ ಸಹಿ ಹಾಕಿಸಿಕೊಂಡ ಕೈ ಅದು. ಹತ್ತು ದಿನಕ್ಕೆ ಎಂಟು ಕುರ್ಚಿ ಬಂದವು, ಒಂದು ಕೌಂಟರಿಗೆ ಹಿರಿಯ ನಾಗರಿಕರು ಎಂಬ ಫಲಕ ಬಂತು. ಮನೆಬಾಗಿಲ ಸೇವೆಗೆ ಸಿಬ್ಬಂದಿ ಕೊರತೆ ಎಂಬ ಉತ್ತರ. ಎರಡನೆಯ ಮನವಿ ಹೋಯಿತು, ಮೂರನೆಯದೂ ಹೋಯಿತು. ನವೆಂಬರಿನಲ್ಲಿ ಹಾಸಿಗೆ ಹಿಡಿದಿದ್ದ ಒಬ್ಬ ನಿವೃತ್ತ ಮೇಷ್ಟ್ರ ಮನೆಗೆ ಬ್ಯಾಂಕಿನವರೇ ಜೀವಿತ ಪ್ರಮಾಣಪತ್ರ ಮಾಡಿಸಲು ಬಂದರು. ತೆಂಗಿನಕಾಯಿ ಸುಲಿದು ಸವೆದ ಬೆರಳು ಯಂತ್ರಕ್ಕೆ ಹಿಡಿಯಲಿಲ್ಲ. ಮುಖ ತೋರಿಸಿ ಮುಗಿಸಿದರು. ಮೇಷ್ಟ್ರು ಆ ದಿನ ಗಡ್ಡ ಹೆರೆಸಿಕೊಂಡು ಕಾದಿದ್ದರು.

ಈಗ ಮೂರು ವಾರದಿಂದ ಅದೇ ಶಾಖೆಯ ಪಾಸ್‌ಬುಕ್ ಮುದ್ರಿಸುವ ಯಂತ್ರ ಕೆಟ್ಟು ಕುಳಿತಿದೆ. ಬರುವ ಬುಧವಾರ ಓದಲು ಏನೂ ಇಲ್ಲ. ಅಂಚೆಯಣ್ಣ ನಾಲ್ಕನೆಯ ಮನವಿಯ ಕರಡು ತಂದುಕೊಟ್ಟಿದ್ದಾರೆ, ಸ್ಟಾಂಪ್ ಪ್ಯಾಡಿಗೆ ಶಾಯಿ ಹಾಕಿಸಿಡಿ ಎಂದೂ ಹೇಳಿ ಹೋಗಿದ್ದಾರೆ.