ಅಂಗಡಿಯ ಹಿಂದಿನ ಕೋಣೆ: ಸೆಪ್ಟಿಮಾ ಕ್ಲಾರ್ಕ್ ಮತ್ತು ಕಪ್ಪು ಮಹಿಳೆಯರ ಹೋರಾಟದ ಬಗ್ಗೆ ಒಂದು ಟಿಪ್ಪಣಿ

ಅಮೆರಿಕದ ನಾಗರಿಕ ಹಕ್ಕುಗಳ ಚಳವಳಿಯ ಬಗ್ಗೆ ನಾನು ಮೊದಲು ಮಾಡಿಕೊಂಡ ಟಿಪ್ಪಣಿ ಒಂದೇ ಪುಟದ್ದು. ಎಡಗಡೆ ಇಸವಿ, ಬಲಗಡೆ ಹೆಸರು. 1955ರ ಎದುರಿಗೆ ರೋಸಾ ಪಾರ್ಕ್ಸ್, 1963ರ ಎದುರಿಗೆ ಮಾರ್ಟಿನ್ ಲೂಥರ್ ಕಿಂಗ್, 1965ರ ಎದುರಿಗೆ ಮತದಾನ ಹಕ್ಕು ಕಾಯ್ದೆ. ಪರೀಕ್ಷೆಗೆ ಅಷ್ಟು ಸಾಕಿತ್ತೇನೋ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಏನು ಹೋಯಿತು ಅನ್ನುವುದು ಮಾತ್ರ ಆ ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ. ಸೆಪ್ಟಿಮಾ ಕ್ಲಾರ್ಕ್ ಎಂಬ ಕಪ್ಪು ಶಿಕ್ಷಕಿಯ ಬಗ್ಗೆ ಓದಿದ ಮೇಲೆ ಆ ಪುಟ ಹರಿದು ಹೊಸದಾಗಿ ಬರೆದುಕೊಂಡೆ. ನನಗೆ ತಿಳಿದ ಮಟ್ಟಿಗೆ, ಕಪ್ಪು ಮಹಿಳೆಯರ ಹೋರಾಟ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಿದ್ದು ಹೆಚ್ಚಾಗಿ ಪಾಠ ಹೇಳಿಕೊಡುವ ಕೆಲಸದಲ್ಲಿ. ಈ ಟಿಪ್ಪಣಿಯಲ್ಲಿ ಆ ಎಳೆಯನ್ನಷ್ಟೇ ಹಿಡಿದು ಹೋಗಿದ್ದೇನೆ.

ಓದು ಬಾರದವರಿಗೆ ಓಟಿಲ್ಲ

ಮೊದಲು ಒಂದು ತೊಡಕು ಬಿಡಿಸಿಕೊಳ್ಳೋಣ. ಅಕ್ಷರ ಕಲಿಸುವ ರಾತ್ರಿ ಶಾಲೆಯಲ್ಲಿ ರಾಜಕೀಯ ಏನಿದೆ? ನಮ್ಮಲ್ಲಿ ಮೊದಲ ಮಹಾ ಚುನಾವಣೆಯಿಂದಲೇ ಹೆಬ್ಬೆಟ್ಟಿನವರಿಗೂ ಓಟಿತ್ತು. ಓದಲು ಬಾರದಿದ್ದರೆ ಪಕ್ಷದ ಚಿಹ್ನೆ ನೋಡಿ ಹಾಕಬಹುದಿತ್ತು. ಹಾಗಾಗಿ ನಮಗೆ ಈ ಪ್ರಶ್ನೆ ಸಹಜ.

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಹಾಗಿರಲಿಲ್ಲ. 1870ರ ಹದಿನೈದನೇ ತಿದ್ದುಪಡಿ ಬಣ್ಣದ ಕಾರಣಕ್ಕೆ ಮತದಾನ ನಿರಾಕರಿಸಬಾರದು ಎಂದಿತ್ತು. ಹಾಗಾಗಿ ದಕ್ಷಿಣದ ರಾಜ್ಯಗಳು ಬಣ್ಣದ ಹೆಸರೆತ್ತದೆ ಬಾಗಿಲು ಹಾಕುವ ಉಪಾಯ ಕಂಡುಕೊಂಡವು. ಸೌತ್ ಕೆರೊಲಿನಾದ 1895ರ ಸಂವಿಧಾನದ ಪ್ರಕಾರ ಮತದಾರರಾಗಿ ನೋಂದಾಯಿಸಿಕೊಳ್ಳಬೇಕಾದರೆ ಅದೇ ಸಂವಿಧಾನದ ಒಂದು ಭಾಗವನ್ನು ಓದಿ ಬರೆದು ತೋರಿಸಬೇಕು, ಇಲ್ಲವೇ 300 ಡಾಲರ್ ಬೆಲೆಯ ಆಸ್ತಿಗೆ ತೆರಿಗೆ ಕಟ್ಟಿರಬೇಕು. ಪರೀಕ್ಷೆ ಮಾಡುವವನು ಬಿಳಿಯ ಗುಮಾಸ್ತ. ಪಾಸೋ ಫೇಲೋ, ಅವನು ಹೇಳಿದ್ದೇ ಸರಿ.

ಈಗ ಜಾನ್ಸ್ ದ್ವೀಪಕ್ಕೆ ಬನ್ನಿ. ಇದು ಚಾರ್ಲ್‌ಸ್ಟನ್ ನಗರದ ಪಕ್ಕದಲ್ಲೇ ಇರುವ ದ್ವೀಪ, ಗಲ್ಲಾ ಎಂಬ ಭಾಷೆ ಮಾತಾಡುವ ಕಪ್ಪು ಜನರ ನೆಲೆ. ಅಲ್ಲಿಂದ ನಗರಕ್ಕೆ ಕೆಲಸಕ್ಕೆ ಹೋಗುವವರನ್ನು ಈಸಾ ಜೆಂಕಿನ್ಸ್ ಎಂಬಾತ ತನ್ನ ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದ. ಆಲಿಸ್ ವೈನ್ ಎಂಬಾಕೆ, ಓದಲು ಕಲಿಸಿದರೆ ತಾನೂ ಓಟು ಹಾಕುತ್ತೇನೆ ಎಂದು ಅವನನ್ನು ಕೇಳಿದಳು. ಅವನು ದಾರಿಯುದ್ದಕ್ಕೂ ಬಸ್ಸಿನಲ್ಲೇ ಸಂವಿಧಾನದ ಆ ಭಾಗವನ್ನು ಹೇಳಿಕೊಟ್ಟ. ವೈನ್ ಅದನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಳು, ನೋಂದಣಿಯೂ ಆಯಿತು. ಆದರೆ ಬಾಯಿಪಾಠ ಓದಲ್ಲ ಅನ್ನುವುದು ಆಕೆಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ನಿಜವಾಗಿ ಓದಲು ಕಲಿಯಬೇಕು ಎಂದು ಹಟ ಹಿಡಿದಳು. ಆ ಬೇಡಿಕೆಯಿಂದಲೇ ಮುಂದಿನದೆಲ್ಲ ಹುಟ್ಟಿತು.

ಕ್ಲಾರ್ಕ್ ಅಲ್ಲಿಗೆ ಬಂದ ದಾರಿ

ಸೆಪ್ಟಿಮಾ ಕ್ಲಾರ್ಕ್ ಹುಟ್ಟಿದ್ದು 1898ರಲ್ಲಿ, ಚಾರ್ಲ್‌ಸ್ಟನ್‌ನಲ್ಲಿ. ತಂದೆ ಹುಟ್ಟಿನಿಂದ ಗುಲಾಮ, ತಾಯಿ ಮನೆಮನೆಯ ಬಟ್ಟೆ ಒಗೆದು ಮಕ್ಕಳನ್ನು ಸಾಕಿದಾಕೆ. ನಗರದ ಸರ್ಕಾರಿ ಶಾಲೆಗಳಲ್ಲಿ ಕಪ್ಪು ಶಿಕ್ಷಕರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಆದ್ದರಿಂದ 1916ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಆಕೆ ಜಾನ್ಸ್ ದ್ವೀಪದ ಶಾಲೆಗೆ ಹೋದಳು. ಇಬ್ಬರು ಶಿಕ್ಷಕಿಯರು, 132 ಮಕ್ಕಳು. ಹಲಗೆ ಗೋಡೆಗಳ ಸಂದಿಯಿಂದ ಗಾಳಿ ನುಗ್ಗುತ್ತಿತ್ತು. ಒಂದೇ ಒಂದು ಒಲೆ: ಮುಂದೆ ಕೂತ ಮಕ್ಕಳು ಬೇಯುತ್ತಿದ್ದರು, ಹಿಂದೆ ಕೂತವರು ನಡುಗುತ್ತಿದ್ದರು. ಎದುರುಗಡೆಯೇ ಇದ್ದ ಬಿಳಿಯರ ಶಾಲೆಯಲ್ಲಿ ಮೂರೇ ಮಕ್ಕಳು.

ಕೆಲ ವರ್ಷಗಳಲ್ಲೇ ಆಕೆ ಚಾರ್ಲ್‌ಸ್ಟನ್‌ನಲ್ಲಿ ಮನೆಮನೆಗೆ ಹೋಗಿ ಸಹಿ ಸಂಗ್ರಹಿಸಿದಳು. ಕಪ್ಪು ಶಿಕ್ಷಕರಿಗೆ ನಗರದ ಶಾಲೆಗಳು ತೆರೆಯುವಂತಾಯಿತು. 1940ರ ದಶಕದಲ್ಲಿ ಶಿಕ್ಷಕರ ಸಮಾನ ವೇತನದ ಹೋರಾಟದಲ್ಲೂ ಇದ್ದಳು. ಇದೆಲ್ಲಕ್ಕೂ ಆಸರೆಯಾಗಿದ್ದು ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಘಟನೆ. 1956ರಲ್ಲಿ ಸೌತ್ ಕೆರೊಲಿನಾ ಸರ್ಕಾರ, ಸರ್ಕಾರಿ ನೌಕರರು ಈ ಸಂಘಟನೆಯ ಸದಸ್ಯರಾಗಿರಬಾರದು ಎಂದು ಕಾನೂನು ಮಾಡಿತು. ಕ್ಲಾರ್ಕ್ ಸದಸ್ಯತ್ವ ಬಿಡಲಿಲ್ಲ. ನಲವತ್ತು ವರ್ಷದ ಕೆಲಸ ಹೋಯಿತು, ಜೊತೆಗೆ ಪಿಂಚಣಿಯೂ.

ಇಲ್ಲೊಂದು ಕಹಿ ವಿವರ ಇದೆ, ಬಿಡುವಂತಿಲ್ಲ. ಆ ಕಾನೂನನ್ನು ಒಟ್ಟಾಗಿ ವಿರೋಧಿಸೋಣ ಎಂದು ಆಕೆ 726 ಕಪ್ಪು ಶಿಕ್ಷಕರಿಗೆ ಪತ್ರ ಬರೆದಳು. ಉತ್ತರ ಬಂದದ್ದು 26 ಜನರಿಂದ. ಕೆಲಸ ಕಳೆದುಕೊಂಡ ಮೇಲೆ ಆಕೆಯದ್ದೇ ಮಹಿಳಾ ಸಂಘ ಸನ್ಮಾನ ಮಾಡಿತು. ಆದರೆ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಲು ಗೆಳತಿಯರು ಹಿಂಜರಿದರು. ಫೋಟೊ ಯಾರ ಕಣ್ಣಿಗಾದರೂ ಬಿದ್ದರೆ ಅವರ ಕೆಲಸಕ್ಕೂ ಕುತ್ತು. ಅವರನ್ನು ಹೇಡಿಗಳು ಅನ್ನುವುದು ಸುಲಭ. ಸಂಬಳ ಯಾರ ಕೈಯಲ್ಲಿರುತ್ತದೋ ಅವರ ಕೈಯಲ್ಲೇ ಬಾಯಿಯೂ ಇರುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನ ಭಾಗಕ್ಕೆ ಬೇಕು.

ಕೆಲಸ ಹೋದ ಕ್ಲಾರ್ಕ್‌ಗೆ ನೆಲೆ ಕೊಟ್ಟಿದ್ದು ಟೆನೆಸಿಯ ಹೈಲ್ಯಾಂಡರ್ ಜಾನಪದ ಶಾಲೆ. 1932ರಲ್ಲಿ ಶುರುವಾದ, ಕಾರ್ಮಿಕರಿಗೂ ಚಳವಳಿಗಾರರಿಗೂ ತರಬೇತಿ ಕೊಡುವ ಜಾಗ. ಕಪ್ಪು, ಬಿಳಿ ಜನ ಒಂದೇ ಮೇಜಿನಲ್ಲಿ ಉಣ್ಣುವುದು ಆ ಕಾಲದ ದಕ್ಷಿಣದಲ್ಲಿ ಅಪರೂಪ. ಅಲ್ಲಿ ಅದು ನಡೆಯುತ್ತಿತ್ತು.

1957ರ ಜನವರಿ, ಹದಿನಾಲ್ಕು ಮಂದಿ

ಹೈಲ್ಯಾಂಡರ್ ಕೊಟ್ಟ ಸಾಲದಲ್ಲಿ ದ್ವೀಪದ ಜನ ಒಂದು ಕಟ್ಟಡ ಕೊಂಡರು. ಮುಂದೆ ಸಹಕಾರಿ ದಿನಸಿ ಅಂಗಡಿ, ಹಿಂದೆ ತರಗತಿ. ರಸ್ತೆಯಲ್ಲಿ ಹೋಗುವ ಬಿಳಿಯರಿಗೆ ಕಾಣುವುದು ಅಂಗಡಿ ಮಾತ್ರ.

ಪಾಠ ಹೇಳಲು ಕ್ಲಾರ್ಕ್ ಒಪ್ಪಿಸಿದ್ದು ತನ್ನ ಬಂಧು ಬರ್ನೀಸ್ ರಾಬಿನ್‌ಸನ್ ಎಂಬಾಕೆಯನ್ನು. ಆಕೆ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದಳು. ತಾನು ಟೀಚರ್ ಅಲ್ಲ ಎಂದು ಎಷ್ಟು ಹೇಳಿದರೂ ಬಿಡಲಿಲ್ಲ. ಟೀಚರ್ ಅಲ್ಲದವಳೇ ಬೇಕಾಗಿತ್ತು! ತರಬೇತಾದ ಶಿಕ್ಷಕರು ದೊಡ್ಡವರನ್ನೂ ಮಕ್ಕಳಂತೆ ಕೂರಿಸಿ ಅ ಆ ಇ ಈ ತಿದ್ದಿಸುತ್ತಾರೆ ಅನ್ನುವ ಭಯ ಒಂದು. ಇನ್ನೊಂದು ಕಾರಣ ಇನ್ನೂ ಗಟ್ಟಿ: ಪಾರ್ಲರ್‌ಗೆ ಬರುವ ಗಿರಾಕಿಗಳೆಲ್ಲ ಕಪ್ಪು ಹೆಂಗಸರು. ರಾಬಿನ್‌ಸನ್‌ಳನ್ನು ಕೆಲಸದಿಂದ ತೆಗೆಯುವ ಧಣಿ ಯಾರೂ ಇರಲಿಲ್ಲ. 726 ಪತ್ರಗಳ ಕತೆ ನೆನಪಿದ್ದರೆ ಈ ಆಯ್ಕೆಯ ಜಾಣತನ ತಿಳಿಯುತ್ತದೆ.

1957ರ ಜನವರಿ 7ರ ರಾತ್ರಿ ಹದಿನಾಲ್ಕು ಮಂದಿ ಬಂದರು. ಬೇಸಾಯದ ಕೆಲಸ ಕಮ್ಮಿ ಇರುವ ಚಳಿಗಾಲವನ್ನೇ ಆರಿಸಿಕೊಂಡಿದ್ದರು. ರಾಬಿನ್‌ಸನ್ ಪ್ರಾಥಮಿಕ ಶಾಲೆಯ ಪುಸ್ತಕಗಳನ್ನು ತಂದಿದ್ದಳು. ಅವು ದೊಡ್ಡವರಿಗೆ ಆಗದ ಮಾತು ಎಂದು ತಕ್ಷಣ ಗೊತ್ತಾಗಿ ಪಕ್ಕಕ್ಕಿಟ್ಟಳು. ನಾನು ನಿಮ್ಮ ಟೀಚರ್ ಅಲ್ಲ, ಒಬ್ಬರಿಗೊಬ್ಬರು ಕಲಿಸೋಣ ಎಂದು ಹೇಳಿ, ನಿಮಗೇನು ಕಲಿಯಬೇಕು ಎಂದು ಕೇಳಿದಳು. ಒಬ್ಬೊಬ್ಬರದು ಒಂದೊಂದು: ಹೆಸರು ಬರೆಯಬೇಕು, ಬೈಬಲ್ ಓದಬೇಕು, ಮನಿಯಾರ್ಡರ್ ಫಾರಂ ತುಂಬಬೇಕು. ಅದೇ ಪಠ್ಯಕ್ರಮವಾಯಿತು. ರಟ್ಟಿನ ಮೇಲೆ ದೊಡ್ಡದಾಗಿ ಬರೆದ ಹೆಸರಿನ ಮೇಲೆ ಕೈಯಾಡಿಸಿ ಆಡಿಸಿ ರೂಢಿ ಮಾಡಿಸಿದರು, ನಾವು ಮರಳಿನಲ್ಲಿ ತಿದ್ದಿದ ಹಾಗೆ. ಗೋಡೆಗೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯನ್ನು ಅಂಟಿಸಿ, ತರಗತಿ ಮುಗಿಯುವ ಹೊತ್ತಿಗೆ ಇದನ್ನು ಓದಿ ಅರ್ಥ ಮಾಡಿಕೊಳ್ಳುವಂತಾಗಬೇಕು ಎಂದಳು.

ಒಂದು ದಿನ ಹಲಗೆಯ ಮೇಲೆ ಎಲ್ಲರ ಹೆಸರೂ ಇತ್ತು. ಅರವತ್ತೈದು ವರ್ಷದ ಒಬ್ಬ ಹೆಂಗಸು ಎದ್ದು ಬಂದು, ರಾಬಿನ್‌ಸನ್ ಕೈಯಲ್ಲಿದ್ದ ಕೋಲು ತೆಗೆದುಕೊಂಡು, ಅಷ್ಟು ಹೆಸರುಗಳ ನಡುವೆ ತನ್ನದನ್ನು ತೋರಿಸಿ ಅಕ್ಷರ ಅಕ್ಷರವಾಗಿ ಹೇಳಿದಳು. ರಾಬಿನ್‌ಸನ್ ಮುಂದೆ ಎಷ್ಟೋ ಕಡೆ ಹೇಳಿಕೊಂಡದ್ದು ಈ ಪ್ರಸಂಗವನ್ನೇ.

ಇದೇ ಪೌರತ್ವ ಶಾಲೆ. ಪಕ್ಕದ ದ್ವೀಪಗಳಿಗೆ ಹಬ್ಬಿತು. ಕಲಿತವರೇ ಕಲಿಸುವವರಾದರು. 1959ರಲ್ಲಿ ಹೈಲ್ಯಾಂಡರ್ ಮೇಲೆ ಪೊಲೀಸ್ ದಾಳಿಯಾಗಿ ಕ್ಲಾರ್ಕ್ ಬಂಧನವಾಯಿತು, ಬಳಿಕ ಸರ್ಕಾರ ಶಾಲೆಯ ಪರವಾನಗಿಯನ್ನೇ ಕಿತ್ತುಕೊಂಡಿತು. ಅಷ್ಟರಲ್ಲಿ ಪೌರತ್ವ ಶಾಲೆಗಳ ಹೊಣೆ ಕಿಂಗ್ ಅವರ ಸಂಘಟನೆಯಾದ ಎಸ್‌ಸಿಎಲ್‌ಸಿಗೆ ದಾಟಿತ್ತು. ಜಾರ್ಜಿಯಾದ ಡಾರ್ಚೆಸ್ಟರ್ ಕೇಂದ್ರದಲ್ಲಿ ಕ್ಲಾರ್ಕ್, ಡೊರೊಥಿ ಕಾಟನ್, ಆಂಡ್ರ್ಯೂ ಯಂಗ್ ಸೇರಿ ಹಳ್ಳಿಹಳ್ಳಿಯಿಂದ ಬಂದವರನ್ನು ತರಬೇತಿ ಮಾಡಿ ವಾಪಸ್ ಕಳಿಸಿದರು.

ಪಾರ್ಕ್ಸ್‌ಗೂ ಹೇಮರ್‌ಗೂ ಇದಕ್ಕೂ ಏನು ಸಂಬಂಧ?

ಸುಸ್ತಾದ ದರ್ಜಿ ಹೆಂಗಸೊಬ್ಬಳು ಬಿಳಿಯನಿಗೆ ಸೀಟು ಬಿಟ್ಟುಕೊಡದೆ ಬಸ್ಸಿನಲ್ಲಿ ಕೂತುಬಿಟ್ಟಳು ಅನ್ನುವ ರೋಸಾ ಪಾರ್ಕ್ಸ್ ಕತೆ ಇನ್ನೂ ಎಷ್ಟೋ ಕಡೆ ಓಡಾಡುತ್ತಿದೆ. ಆದರೆ ಪಾರ್ಕ್ಸ್ 1943ರಿಂದಲೇ ಅಲಬಾಮಾದ ಮಾಂಟ್ಗಮರಿಯ ಎನ್‌ಎಎಸಿಪಿ ಶಾಖೆಯ ಕಾರ್ಯದರ್ಶಿ. 1940ರ ದಶಕದಲ್ಲಿ ಎಲ್ಲಾ ಬೇಕರ್ ಎಂಬ ಸಂಘಟಕಿ ನಡೆಸಿದ ನಾಯಕತ್ವ ಶಿಬಿರಕ್ಕೆ ಹೋಗಿದ್ದಾಕೆ. 1955ರ ಬೇಸಿಗೆಯಲ್ಲಿ ಹೈಲ್ಯಾಂಡರ್‌ನಲ್ಲಿ ಕ್ಲಾರ್ಕ್ ತನ್ನ ಶಾಲೆಯ ಕೆಲಸ ಹೋಗುವ ಮೊದಲೇ ನಡೆಸಿದ ಕಾರ್ಯಾಗಾರದಲ್ಲಿ ಎರಡು ವಾರ ಇದ್ದಳು. ಕೊನೆಯಲ್ಲಿ, ಊರಿಗೆ ಹೋಗಿ ಏನು ಮಾಡುತ್ತೀರಿ ಎಂದು ಎಲ್ಲರನ್ನೂ ಕೇಳಿದಾಗ, ಮಾಂಟ್ಗಮರಿಯಲ್ಲಿ ಜನ ಒಗ್ಗೂಡುವುದಿಲ್ಲ, ಅಲ್ಲಿ ಏನೂ ಆಗದು ಎಂದಿದ್ದಳಂತೆ. ಕೆಲವೇ ತಿಂಗಳಲ್ಲಿ, ಡಿಸೆಂಬರ್ 1ರಂದು, ಆಕೆಯ ಬಂಧನವಾಯಿತು. ಅದೇ ರಾತ್ರಿ ಜೋ ಆನ್ ರಾಬಿನ್‌ಸನ್ (ಬರ್ನೀಸ್ ಅಲ್ಲ, ಈಕೆ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವಳು) ಕಾಲೇಜಿನ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಬಸ್ ಹತ್ತಬೇಡಿ ಎಂಬ ಸಾವಿರಾರು ಕರಪತ್ರ ತೆಗೆದು ಬೆಳಗಾಗುವಷ್ಟರಲ್ಲಿ ಹಂಚಲು ಸಿದ್ಧ ಮಾಡಿದ್ದಳು. ಬಸ್ ಬಹಿಷ್ಕಾರ 381 ದಿನ ನಡೆಯಿತು.

ಫ್ಯಾನಿ ಲೂ ಹೇಮರ್ ಮಿಸಿಸಿಪಿಯಲ್ಲಿ ಪಾಲಿನ ಬೇಸಾಯ ಮಾಡುತ್ತಿದ್ದ ಕುಟುಂಬದ ಇಪ್ಪತ್ತನೇ ಮಗು. 1962ರ ಆಗಸ್ಟ್ 31ರಂದು ಮತದಾರರಾಗಲು ಹೋದಾಗ ಆಕೆಗೆ ಕಾನೂನಿನ ಒಂದು ಗೊಂದಲದ ಪರಿಭಾಷೆಯನ್ನು ವಿವರಿಸಲು ಹೇಳಿದರು. ಕುದುರೆಗೆ ಕ್ರಿಸ್‌ಮಸ್ ಬಗ್ಗೆ ಎಷ್ಟು ಗೊತ್ತೋ ನನಗೆ ಅದರ ಬಗ್ಗೆ ಅಷ್ಟೇ ಗೊತ್ತಿತ್ತು ಎಂದು ಆಮೇಲೆ ನಗಾಡಿದ್ದಾಳೆ. ಹದಿನೆಂಟು ವರ್ಷ ದುಡಿದ ಹತ್ತಿ ತೋಟದಿಂದ ಅದೇ ದಿನ ಹೊರಬಿದ್ದಳು. 1963ರ ಜೂನ್ 9ರಂದು ವಿನೋನಾ ಎಂಬ ಊರಿನಲ್ಲಿ ಪೊಲೀಸರು ಆಕೆಯ ತಂಡವನ್ನು ಹಿಡಿದು ಜೈಲಿನಲ್ಲಿ ಹೊಡೆಸಿದರು. ಆ ತಂಡ ಎಲ್ಲಿಂದ ಬರುತ್ತಿತ್ತು ಗೊತ್ತೇ? ಚಾರ್ಲ್‌ಸ್ಟನ್‌ನ ಪೌರತ್ವ ತರಬೇತಿಯಿಂದ. 1964ರ ಆಗಸ್ಟ್ 22ರಂದು ಅಟ್ಲಾಂಟಿಕ್ ಸಿಟಿಯಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಿತಿಯೆದುರು ಆಕೆ ಆ ಏಟುಗಳ ಸಾಕ್ಷ್ಯ ಹೇಳಿದಳು. ಟಿವಿಯ ಗಮನ ಬೇರೆಡೆ ತಿರುಗಿಸಲು ಅಧ್ಯಕ್ಷ ಜಾನ್ಸನ್ ದಿಢೀರನೆ ಪತ್ರಿಕಾಗೋಷ್ಠಿ ಕರೆದರು. ಸಂಜೆ ಚಾನೆಲ್‌ಗಳು ಆಕೆಯ ಮಾತನ್ನೇ ಮತ್ತೆ ತೋರಿಸಿದವು.

ಒಳಗಿನ ಜಗಳ

ಚಳವಳಿಯೊಳಗಿನ ಗಂಡಸರ ಬಗ್ಗೆ ಕ್ಲಾರ್ಕ್ ಮುಚ್ಚುಮರೆಯಿಲ್ಲದೆ ಬರೆದಿದ್ದಾಳೆ. ಎಲ್ಲ ಮೆರವಣಿಗೆಯನ್ನೂ ತಾವೇ ಮುನ್ನಡೆಸಬೇಡಿ, ಆಯಾ ಊರಿನವರನ್ನು ನಾಯಕರಾಗಿ ಬೆಳೆಸಿ ಎಂದು ಆಕೆ ಕಿಂಗ್ ಅವರಿಗೆ ಪತ್ರ ಬರೆದಳು. ಕಿಂಗ್ ಅದನ್ನು ಸಭೆಯಲ್ಲಿ ಓದಿದಾಗ ಸುತ್ತಲಿದ್ದವರು ನಕ್ಕರು. ಈಕೆ ಕಾರ್ಯಕಾರಿ ಸಮಿತಿಯಲ್ಲಿ ಯಾಕಿದ್ದಾಳೆ ಎಂದು ಅಲ್ಲೇ ಕೇಳಿದವರೂ ಇದ್ದರು. ಹಾಗೆಂದು ಕಿಂಗ್ ಆಕೆಯನ್ನು ಕಡೆಗಣಿಸಿದರು ಎಂದು ಬರೆದರೆ ಅರ್ಧ ಸತ್ಯ. 1964ರಲ್ಲಿ ನೊಬೆಲ್ ಸ್ವೀಕರಿಸಲು ಓಸ್ಲೋಗೆ ಹೋದಾಗ ಅವರ ಜೊತೆಯಲ್ಲಿ ಕ್ಲಾರ್ಕ್ ಕೂಡ ಇದ್ದಳು.

ಎಲ್ಲಾ ಬೇಕರ್ ಕಿಂಗ್ ಅವರ ಇದೇ ಸಂಘಟನೆಯಲ್ಲಿ ಬೇಸತ್ತು, 1960ರ ಏಪ್ರಿಲ್‌ನಲ್ಲಿ ರಾಲಿಯ ಶಾ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳನ್ನು ಸೇರಿಸಿದಳು. ಅಲ್ಲಿ ಹುಟ್ಟಿದ್ದು ವಿದ್ಯಾರ್ಥಿಗಳ ಸಂಘಟನೆ ಎಸ್‌ಎನ್‌ಸಿಸಿ. ಹಿರಿಯರ ಸಂಘಟನೆಗಳ ಬಾಲವಾಗಬೇಡಿ ಅನ್ನುವುದು ಹುಡುಗರಿಗೆ ಆಕೆ ಕೊಟ್ಟ ಸಲಹೆ. ಹೇಮರ್‌ಳ ಹಳ್ಳಿಗೆ ಮೊದಲು ಬಂದದ್ದು ಈ ಹುಡುಗರೇ. 2013ರಲ್ಲಿ ಬ್ಲ್ಯಾಕ್ ಲೈವ್ಸ್ ಮ್ಯಾಟರ್ ಚಳವಳಿ ಶುರು ಮಾಡಿದ ಮೂವರು ಹೆಂಗಸರು ಒಬ್ಬ ಮಹಾನಾಯಕ ಬೇಡ ಎಂದದ್ದನ್ನು ಓದುವಾಗ ನನಗೆ ಬೇಕರ್ ನೆನಪಾಗುತ್ತಾಳೆ. ನೇರ ಗೆರೆ ಎಳೆಯಲು ಮಾತ್ರ ಹೋಗಬೇಡಿ. ನಡುವೆ ಐವತ್ತು ವರ್ಷ, ಬೇರೆ ಬೇರೆ ಜಗಳಗಳು ಇವೆ.

ಮತದಾನದ ಎಳೆ ಇನ್ನೂ ಸ್ಪಷ್ಟ. 1965ರ ಕಾಯ್ದೆ ಓದು-ಬರಹದ ಪರೀಕ್ಷೆಗಳನ್ನು ತೆಗೆದುಹಾಕಿತು. ಅಮೆರಿಕದ ಸುಪ್ರೀಂ ಕೋರ್ಟಿನ 2013ರ ಶೆಲ್ಬಿ ಕೌಂಟಿ ತೀರ್ಪು ಅದೇ ಕಾಯ್ದೆಯ ಹಲ್ಲು ಕಿತ್ತಿತು: ಚುನಾವಣಾ ನಿಯಮ ಬದಲಿಸುವ ಮುನ್ನ ಕೇಂದ್ರದ ಒಪ್ಪಿಗೆ ಬೇಕೆಂಬ ಕಟ್ಟು ಹಿಂದೆ ಮತದಾನಕ್ಕೆ ಅಡ್ಡಿ ಮಾಡಿದ್ದ ರಾಜ್ಯಗಳ ಮೇಲಿಂದ ಹೋಯಿತು. ಜಾರ್ಜಿಯಾದಲ್ಲಿ ಸ್ಟೇಸಿ ಏಬ್ರಮ್ಸ್ ಎಂಬ ಕಪ್ಪು ರಾಜಕಾರಣಿ ಮತ್ತೆ ಮನೆಬಾಗಿಲಿಗೆ ಹೋಗಿ ಮತದಾರರನ್ನು ನೋಂದಾಯಿಸುವ ಕೆಲಸ ಕಟ್ಟಿದ್ದು ಅದರ ಆಸುಪಾಸಿನಲ್ಲೇ.

ಒಂದು ಹಾಡು

1945ರ ಅಕ್ಟೋಬರ್‌ನಲ್ಲಿ ಚಾರ್ಲ್‌ಸ್ಟನ್‌ನ ಸಿಗಾರ್ ಕಾರ್ಖಾನೆಯಲ್ಲಿ ಮುಷ್ಕರ ಆಯಿತು. ಮುಂದೆ ನಿಂತವರಲ್ಲಿ ಬಹುಪಾಲು ಕಪ್ಪು ಹೆಂಗಸರು. ದಿನದ ಕೊನೆಗೆ ಲೂಸಿಲ್ ಸಿಮನ್ಸ್ ಎಂಬಾಕೆ ಚರ್ಚಿನ ಒಂದು ಹಾಡನ್ನು ನಿಧಾನವಾಗಿ ಎಳೆದು ಹಾಡುತ್ತಿದ್ದಳು. ಅಲ್ಲಿನ ಹೆಂಗಸರು ಅದನ್ನು ಹೈಲ್ಯಾಂಡರ್‌ಗೆ ಒಯ್ದರು. ಅಲ್ಲಿಂದ ಅದು ‘ವಿ ಶಲ್ ಓವರ್‌ಕಮ್’ ಆಗಿ ಲೋಕ ಸುತ್ತಿತು. ನಮ್ಮ ಶಾಲೆಗಳಲ್ಲಿ ಹಾಡಿಸುತ್ತಿದ್ದ ‘ಹಮ್ ಹೋಂಗೆ ಕಾಮಯಾಬ್’ ಅದೇ.

ಪರೀಕ್ಷೆಯಲ್ಲಿ ಉತ್ತರ ಬರೆಯುವಾಗ

ಇಬ್ಬರು ರಾಬಿನ್‌ಸನ್‌ರನ್ನು ಕಲಸಬೇಡಿ. ಚಾರ್ಲ್‌ಸ್ಟನ್ ಸೌತ್ ಕೆರೊಲಿನಾದಲ್ಲಿದೆ, ಮಾಂಟ್ಗಮರಿ ಅಲಬಾಮಾದಲ್ಲಿ. ಹಳೆಯ ಕನ್ನಡ ಪುಸ್ತಕಗಳ ‘ನೀಗ್ರೊ’ ಪದ ಉದ್ಧರಣೆಯಲ್ಲಿ ಬಿಟ್ಟು ಬೇರೆಲ್ಲೂ ಬೇಡ. ಕ್ಲಾರ್ಕ್ ಬಗ್ಗೆ ಬರೆಯುವವರು 1956ರ ವಜಾದಲ್ಲೋ 1965ರ ಕಾಯ್ದೆಯಲ್ಲೋ ನಿಲ್ಲಿಸಿಬಿಡುತ್ತಾರೆ. 1970ರ ದಶಕದ ನಡುವೆ, ಎಪ್ಪತ್ತು ದಾಟಿದ ಮೇಲೆ, ಆಕೆ ಚುನಾವಣೆಗೆ ನಿಂತು ಗೆದ್ದು ಚಾರ್ಲ್‌ಸ್ಟನ್‌ನ ಶಾಲಾ ಮಂಡಳಿಯಲ್ಲೇ ಕೂತಳು. 1976ರಲ್ಲಿ ಪಿಂಚಣಿ ಮರಳಿ ಬಂತು. 1987ರ ಡಿಸೆಂಬರ್‌ನಲ್ಲಿ ತೀರಿಕೊಂಡದ್ದು ಜಾನ್ಸ್ ದ್ವೀಪದಲ್ಲಿ.